ಮೀನಿನ ವಿಚಾರ ಇತ್ಯರ್ಥವಾಗುವ ತನಕ

ಬ್ರಿಟನ್ನು ಐರೋಪ್ಯ ಒಕ್ಕೂಟದಿಂದ ಯಾವ ಷರತ್ತಿನ ಮೇಲೆ ಹೊರಬರಬೇಕೆಂಬುದು ಇತ್ಯರ್ಥವಾಗದ ಕಾರಣ, ಮಸ್ಕತ್ತಿನ ಅಲ್ ಖುವೈರ್‌ನಲ್ಲಿರುವ ಆಮದು ಕಂಪನಿಯೊಂದರ ದಾಸ್ತಾನು ಗುಮಾಸ್ತ ಗುರುವನ ರಜೆಯನ್ನು 2019ರ ಮಾರ್ಚ್ ತಿಂಗಳಲ್ಲಿ ಮುಂದೂಡಲಾಯಿತು. ಇದರಲ್ಲಿ ಆಶ್ಚರ್ಯಪಡುವಂಥದ್ದು ಏನೂ ಇರಲಿಲ್ಲ. ಸುತ್ತೋಲೆಯಲ್ಲಿ ಎಲ್ಲವನ್ನೂ ವಿವರವಾಗಿಯೇ ಹೇಳಲಾಗಿತ್ತು.

"ಸಂಸ್ಥೆಯ ಎಲ್ಲಾ ಸಿಬ್ಬಂದಿಗೆ ಈ ಮೂಲಕ ತಿಳಿಯಪಡಿಸುವುದೇನೆಂದರೆ, ಬ್ರೆಕ್ಸಿಟ್ ಎಂಬ ಜಾಗತಿಕ ಅನಿಶ್ಚಿತತೆ ಇರುವ ತನಕ ರಜೆ, ಬಡ್ತಿ, ಕುರ್ಚಿ ರಿಪೇರಿ ಹಾಗೂ ಎರಡನೇ ಮಹಡಿಯ ಎಸಿ ಕುರಿತು ಯಾವುದೇ ತೀರ್ಮಾನ ಕೈಗೊಳ್ಳಲಾಗುವುದಿಲ್ಲ. ಅನಿಶ್ಚಿತತೆ ಮುಗಿದ ಮರುದಿನವೇ ಎಲ್ಲವನ್ನೂ ಪರಿಶೀಲಿಸಲಾಗುವುದು. ಸಹಕರಿಸಬೇಕಾಗಿ ಕೋರಿಕೆ."

ಕಂಪನಿಗೂ ಬ್ರಿಟನ್ನಿಗೂ ಇದ್ದ ಸಂಬಂಧ ಗಾಢವಾದದ್ದು. ಅಲ್ಲಿಂದ ಕಿತ್ತಳೆ ಸಿಪ್ಪೆಯ ಜಾಮ್, ಅಂದರೆ ಮಾರ್ಮಲೇಡ್, ಬರುತ್ತಿತ್ತು. ಅದನ್ನು ಇಡೀ ಓಮಾನಿನಲ್ಲಿ ತಪ್ಪದೆ ಕೊಳ್ಳುತ್ತಿದ್ದವರು ಮಸ್ಕತ್ತಿನ ಪಕ್ಕದ ಸೀಬ್‌ನ ವಿಲ್ಲಾ ಒಂದರಲ್ಲಿದ್ದ ನಿವೃತ್ತ ಇಂಗ್ಲಿಷ್ ಎಂಜಿನಿಯರ್ ಒಬ್ಬರೇ. ಉಳಿದಂತೆ ಕಂಪನಿ ತರಿಸುತ್ತಿದ್ದದ್ದು ತಮಿಳುನಾಡಿನ ಬೆಂಕಿಪೊಟ್ಟಣ ಮತ್ತು ಕೇರಳದ ಕಾಲೊರಸು.

ಸುತ್ತೋಲೆಗೆ ಸಹಿ ಹಾಕಿದವರು ಆಡಳಿತ ವ್ಯವಸ್ಥಾಪಕ ಗೋಪಾಲಕೃಷ್ಣ, ಮೈಸೂರಿನ ಕಡೆಯವರು. ಮಾಲೀಕರಿಗೆ ಬ್ರೆಕ್ಸಿಟ್ಟಿನ ಗಾಂಭೀರ್ಯವನ್ನು ಮನವರಿಕೆ ಮಾಡಿಕೊಟ್ಟವರೂ ಅವರೇ. ಅದರ ಫಲವಾಗಿ ಕಂಪನಿಯಲ್ಲಿ 'ಬ್ರೆಕ್ಸಿಟ್ ಪರಿಣಾಮ ಅಧ್ಯಯನ ಕೋಶ' ಹುಟ್ಟಿತು, ಕೋಶಕ್ಕೆ ಒಂದು ಕೋಣೆ, ಕೋಣೆಗೆ ಕಾಫಿ ಯಂತ್ರ, ಮುಖ್ಯಸ್ಥರಾದ ಅವರಿಗೆ ದೊಡ್ಡ ಕಾರು ಬಂತು. ಬಿಕ್ಕಟ್ಟನ್ನು ಕಣ್ಣಾರೆ ಕಂಡು ವರದಿ ಮಾಡಲು ಗೋಪಾಲಕೃಷ್ಣ ಹೆಂಡತಿ ಅಂಬುಜಮ್ಮ ಮತ್ತು ಮಗ ನಂದನ್‌ನೊಂದಿಗೆ ಲಂಡನ್ನಿಗೂ ಹೋಗಿ ಬಂದರು. ಬಿಕ್ಕಟ್ಟು ಚೆನ್ನಾಗಿದೆ ಎಂದು ವರದಿ ಕೊಟ್ಟರು.

ಗುರುವನ ಸಂಗತಿ ಸಣ್ಣದು. ಮಲ್ಪೆಯಲ್ಲಿದ್ದ ಅವನ ಹೆಂಡತಿ ಸ್ವರ್ಣಲತಾಳಿಗೆ ಮದುವೆಯಾಗಿ ಒಂಬತ್ತು ವರ್ಷದ ಮೇಲೆ, ಆ ಫೆಬ್ರವರಿಯಲ್ಲಿ ಹೆಣ್ಣು ಮಗು ಹುಟ್ಟಿತ್ತು. ಅವನು ಮಗುವನ್ನು ಎತ್ತಿಕೊಳ್ಳಬೇಕಿತ್ತು, ಅಷ್ಟೆ. ಊರಿಗೆ ಹೋಗುವವರೆಲ್ಲ ಮಾಡುವ ಹಾಗೆ ಅವನೂ ಒಂದು ಕಾರ್ಟನ್ ತಂದು, ಅದರಲ್ಲಿ ಹಾಲಿನ ಪುಡಿ, ಖರ್ಜೂರ, ನೋವಿನ ಮುಲಾಮು ತುಂಬಿ, ಎಲ್ಲಕ್ಕಿಂತ ಮೇಲೆ ಮೂರು ತಿಂಗಳ ಮಗುವಿನ ಅಳತೆಯ ಹಳದಿ ಫ್ರಾಕ್ ಇಟ್ಟು, ನೈಲಾನ್ ಹಗ್ಗ ಬಿಗಿದು, ನಾಲ್ಕೂ ಬದಿಗೆ ಮಾರ್ಕರ್‌ನಲ್ಲಿ 'ಗುರುವ, ಮಂಗಳೂರು' ಎಂದು ಬರೆದಿದ್ದ. ಪಾಸ್‌ಪೋರ್ಟು ಮಾತ್ರ ಸುರಕ್ಷತೆಯ ದೃಷ್ಟಿಯಿಂದ ಕಂಪನಿಯ ಕಪಾಟಿನಲ್ಲಿತ್ತು.

"ನೋಡಿ ಗುರುವ, ನಿಮ್ಮ ಕಷ್ಟ ನಂಗೆ ಅರ್ಥ ಆಗತ್ತೆ," ಎಂದರು ಗೋಪಾಲಕೃಷ್ಣ. "ಇಪ್ಪತ್ತೊಂಬತ್ತನೇ ತಾರೀಕು ಬ್ರಿಟನ್ ಹೊರಗೆ ಬರತ್ತೆ. ಮೂವತ್ತಕ್ಕೆ ನೀವು ಹೊರಡಿ."

ಇಪ್ಪತ್ತೊಂಬತ್ತಕ್ಕೆ ಬ್ರಿಟನ್ ಹೊರಬರಲಿಲ್ಲ. ಏಪ್ರಿಲ್ ಹನ್ನೆರಡು ಎಂದಾಯಿತು. ಆಮೇಲೆ ಅಕ್ಟೋಬರ್ ಮೂವತ್ತೊಂದು ಎಂದಾಯಿತು. ಸುದ್ದಿ ಹೇಳಲು ಗುರುವ ಸ್ವರ್ಣಲತಾಳಿಗೆ ಫೋನ್ ಮಾಡಿದ.

"ಎಂತ ಮಾರಾಯ್ರೆ ಇದು," ಎಂದಳು ಅವಳು. "ಅವರು ಬಿಟ್ಟು ಹೋಗುವುದಾದರೆ ಹೋಗ್ಲಿ, ಇರುವುದಾದರೆ ಇರ್ಲಿ. ನೀವು ಬರ್ಲಿಕ್ಕೆ ಎಂತ ತೊಂದರೆ?"

"ಹಾಗಲ್ಲ, ಇದು ಜಾಗತಿಕ ಅನಿಶ್ಚಿತತೆ," ಎಂದ ಗುರುವ. ಹೇಳುವಾಗ ಅವನಿಗೇ ನಾಚಿಕೆಯಾಯಿತು. ಮಗುವಿಗೆ ತೃಪ್ತಿ ಎಂದು ಹೆಸರಿಡುವ ಶಾಸ್ತ್ರ ಅವನ ಫೋಟೋವನ್ನು ಮಣೆಯ ಮೇಲಿಟ್ಟುಕೊಂಡು ನಡೆಯಿತು.

ಅವನು ಸೀಬ್‌ನ ಪೇಟೆಗೆ, ಅಂದರೆ ಸೂಕ್‌ಗೆ, ಹೋಗಿ ಉಳ್ಳಾಲದ ಫಯಾಝ್‌ನ ಬಟ್ಟೆ ಅಂಗಡಿಯಲ್ಲಿ ಮೂರು ತಿಂಗಳ ಫ್ರಾಕ್ ಕೊಟ್ಟು ಒಂಬತ್ತು ತಿಂಗಳದ್ದು ಬದಲಾಯಿಸಿಕೊಂಡ. ಹಾಲಿನ ಪುಡಿಯ ಅವಧಿ ಮುಗಿಯುತ್ತ ಬಂದಾಗ ರೂಮಿನವರೆಲ್ಲ ಸೇರಿ ಪಾಯಸ ಮಾಡಿ ಕುಡಿದರು. ಅಕ್ಟೋಬರ್ ಕಳೆದು ಜನವರಿ ಎಂದಾಯಿತು. ಅವನು ಒಂದು ವರ್ಷದ ಫ್ರಾಕ್ ತಂದ. ಫಯಾಝ್ ಈಗ ಮಗುವಿನ ವಯಸ್ಸು ಕೇಳುವುದನ್ನು ಬಿಟ್ಟಿದ್ದ.

"ಏನ್ ಗುರುವಣ್ಣ, ಪುನಃ ಎಕ್ಸ್‌ಟೆನ್ಷನಾ? ಬೆಳಿಗ್ಗೆ ನ್ಯೂಸ್ ನೋಡಿಯೇ ನಿಮಗೆ ಅಂತ ಒಂದು ತೆಗೆದಿಟ್ಟಿದ್ದೇನೆ."

ಇಷ್ಟರಲ್ಲಿ ಕಚೇರಿಯಲ್ಲಿ ಸಾರ್ವಜನಿಕ ಅಸಮಾಧಾನ ಮೂಡಿತ್ತು. ಎರಡನೇ ಮಹಡಿಯವರು ಬೇಸಿಗೆಯಿಡೀ ಎಸಿ ಇಲ್ಲದೆ ಬೆವತಿದ್ದರು. ಇದನ್ನು ಗಮನಿಸಿದ ಕೋಶವು ಕೂಡಲೇ ಸ್ಪಂದಿಸಿ 'ಅಸಮಾಧಾನ ನಮೂನೆ' ಹೊರಡಿಸಿತು. ಅದರಲ್ಲಿ ಹೀಗಿತ್ತು: "ನಿಮ್ಮ ಅಸಮಾಧಾನ ಯಾರ ಮೇಲೆ? ಬ್ರಿಟನ್ನಿನ ಮೇಲೆ, ಯುರೋಪಿನ ಮೇಲೆ, ಇಬ್ಬರ ಮೇಲೂ. ಒಂದಕ್ಕೆ ಮಾತ್ರ ಗುರುತು ಹಾಕತಕ್ಕದ್ದು. ಅಸಮಾಧಾನವನ್ನು ಮಧ್ಯಾಹ್ನ ಒಂದರಿಂದ ಒಂದೂಕಾಲರ ಒಳಗೆ, ಕುಳಿತುಕೊಂಡು, ಮೂರು ಪ್ರತಿಗಳಲ್ಲಿ ವ್ಯಕ್ತಪಡಿಸತಕ್ಕದ್ದು."

"ನನ್ನ ಕುರ್ಚಿ ಮುರಿದಿದೆ ಸರ್. ನಾನು ಹೇಗೆ ಕೂತುಕೊಳ್ಳುವುದು?" ಎಂದು ರಿಸೆಪ್ಷನ್ನಿನ ಕ್ಲಾರಿಸ್ಸಾ ಕೇಳಿದಳು.

"ಕುರ್ಚಿ ವಿಚಾರ ಬ್ರೆಕ್ಸಿಟ್ ಆದ್ಮೇಲೆ ಅಂತ ಸುತ್ತೋಲೇಲಿ ಇದೆಯಲ್ಲಮ್ಮ," ಎಂದರು ಗೋಪಾಲಕೃಷ್ಣ. ಅವಳು ನಿಂತುಕೊಂಡೇ ತುಂಬಿದ ನಮೂನೆ ಅಸಿಂಧುವಾಯಿತು. ಉಳಿದ ಇಪ್ಪತ್ತಾರು ನಮೂನೆಗಳನ್ನು ಎಣಿಸಿ ನೋಡಲಾಗಿ, ಸಿಬ್ಬಂದಿಗೆ ಕಂಪನಿಯ ಮೇಲೆ ಎಳ್ಳಷ್ಟೂ ಅಸಮಾಧಾನ ಇಲ್ಲವೆಂಬುದು ಖಚಿತವಾಯಿತು.

ಕಚೇರಿಯಲ್ಲಿ ಪಾಸ್‌ಪೋರ್ಟು, ವೀಸಾಗಳ ಕೆಲಸ ನೋಡುತ್ತಿದ್ದ ಓಮಾನಿ ಹಕೀಂ ಒಂದು ದಿನ ಗುರುವನ ಮೇಜಿನ ಮುಂದೆ ನಿಂತ. ಅವನದು ಮುರುಕು ಹಿಂದಿ, ಆದರೆ ಹೇಳಿದ್ದು ನೇರವಾಗಿತ್ತು. "ಬ್ರಿಟನ್ ಎಲ್ಲಿ, ನೀನೆಲ್ಲಿ? ರಜೆ ನಿನ್ನ ಹಕ್ಕು. ಲೇಬರ್ ಆಫೀಸಿಗೆ ಹತ್ತು ನಿಮಿಷದ ದಾರಿ. ಯಲ್ಲಾ, ನಡಿ, ನಾನೂ ಬರ್ತೇನೆ."

ಗುರುವ ಎದ್ದು ನಿಂತ. ಮತ್ತೆ ಕೂತ. ಹತ್ತು ವರ್ಷದ ಉಪ್ಪಿನ ಋಣ, ಗೋಪಾಲಕೃಷ್ಣ ಸಾಹೇಬರ ಮುಖ, ಎಲ್ಲ ಒಟ್ಟಿಗೆ ನೆನಪಾದವು. "ಹೇಗೂ ಜನವರಿಗೆ ಮುಗಿಯುತ್ತದಲ್ಲ, ಹಕೀಂ ಭಾಯ್," ಎಂದ. ಆ ದಿನ ಅವನು ಹೆದರಿದ, ಅದಕ್ಕೆ ಬೇರೆ ಹೆಸರಿಲ್ಲ.

ಜನವರಿ ಮೂವತ್ತೊಂದಕ್ಕೆ ಬ್ರಿಟನ್ ನಿಜಕ್ಕೂ ಹೊರಬಂತು. ಗುರುವ ಕಚೇರಿಗೆಲ್ಲ ಲಡ್ಡು ಹಂಚಿದ. ಗೋಪಾಲಕೃಷ್ಣ ಎರಡು ಲಡ್ಡು ತಿಂದು, ಕೈ ಒರೆಸಿಕೊಂಡು, "ಹೊರಗೇನೋ ಬಂದ್ರು. ಇನ್ನು ವ್ಯಾಪಾರದ ಮಾತುಕತೆ ಶುರು," ಎಂದರು. ಆಮೇಲೆ ಕೆಲವು ತಿಂಗಳು ಜಗತ್ತಿನ ವಿಮಾನಗಳೇ ನಿಂತವು. ಅದು ಬೇರೆ ಕಾರಣದಿಂದ ಆದದ್ದೆಂದೂ, ಆ ಅವಧಿಯನ್ನು ಬ್ರೆಕ್ಸಿಟ್ ಲೆಕ್ಕಕ್ಕೆ ಸೇರಿಸತಕ್ಕದ್ದಲ್ಲವೆಂದೂ ಕೋಶ ಸ್ಪಷ್ಟಪಡಿಸಿತು.

ವಿಮಾನ ಮತ್ತೆ ಹಾರತೊಡಗಿದಾಗ ಮಾತುಕತೆ ನಿಂತುಹೋಗಿತ್ತು. ಯಾಕೆ ನಿಂತಿತು ಎಂದು ಓದಿ ಗುರುವ ಕಣ್ಣುಜ್ಜಿಕೊಂಡ. ಅದು ನಿಂತದ್ದು ಮೀನಿನ ಮೇಲೆ. ಯಾರ ಸಮುದ್ರದಲ್ಲಿ ಯಾರು ಎಷ್ಟು ಮೀನು ಹಿಡಿಯಬೇಕೆಂದು ಎರಡೂ ಕಡೆಯವರು ಕೋಟು ಹಾಕಿಕೊಂಡು ತಿಂಗಳುಗಟ್ಟಲೆ ಜಗಳಾಡುತ್ತಿದ್ದರು. ಮಲ್ಪೆಯವನಿಗೆ ಇದಕ್ಕಿಂತ ದೊಡ್ಡ ಅವಮಾನ ಉಂಟೇ? ಮಗು ಆಗಲೇ ನಡೆಯಲು ಕಲಿತಿತ್ತು. ಫೋನಿನ ಪರದೆಗೆ ಬಾಯಿ ತಾಗಿಸಿ 'ಅಪ್ಪ' ಎನ್ನುತ್ತಿತ್ತು, ಫೋನನ್ನೇ ಅಪ್ಪ ಎಂದುಕೊಂಡಿತ್ತು.

ಆ ಸಿಟ್ಟಿನಲ್ಲೇ ಅವನು ಮಾಡಬಾರದ್ದೊಂದು ಮಾಡಿದ. ಅಸಮಾಧಾನ ನಮೂನೆಯ ಹಿಂಬದಿಯಲ್ಲಿ 'ಸಲಹೆಗಳಿದ್ದಲ್ಲಿ' ಎಂಬ ಜಾಗವಿತ್ತು. ಅಲ್ಲಿ ತನ್ನೂರಿನ ಕೈರಂಪಣಿ ಬಲೆಯ ಪದ್ಧತಿಯನ್ನು ಬರೆದ. "ನಮ್ಮಲ್ಲಿ ಬಲೆಯನ್ನು ದಡಕ್ಕೆ ಎಳೆಯುವಾಗ ಸಮುದ್ರ ಯಾರದ್ದೆಂದು ಕೇಳುವುದಿಲ್ಲ. ಹಗ್ಗಕ್ಕೆ ಕೈ ಹಾಕಿದವರಿಗೆಲ್ಲ ಒಂದು ಪಾಲು. ನೋಡುತ್ತ ನಿಂತ ಮುದುಕಿಯರಿಗೂ ಒಂದು ಹೊತ್ತಿನ ಸಾರಿಗಾಗುವಷ್ಟು. ಇದನ್ನು ದಯವಿಟ್ಟು ಸಂಬಂಧಪಟ್ಟವರಿಗೆ ತಲುಪಿಸುವುದು."

ಮೂರನೇ ದಿನ ಗೋಪಾಲಕೃಷ್ಣ ಅವನನ್ನು ಕೋಶದ ಕೋಣೆಗೆ ಕರೆಸಿ, ಯಂತ್ರದ ಕಾಫಿ ಕೊಟ್ಟರು.

"ಗುರುವ, ನೀವು ಇಷ್ಟು ತಿಳಿದವರು ಅಂತ ನಂಗೆ ಗೊತ್ತೇ ಇರ್ಲಿಲ್ಲ. ಕೋಶದಲ್ಲಿ ಮೀನಿನ ಬಗ್ಗೆ ಮಾತಾಡೋವ್ರು ಯಾರೂ ಇಲ್ಲ. ನಾನಂತೂ ಸಸ್ಯಾಹಾರಿ. ಇವತ್ತಿಂದ ನೀವು ನಮ್ಮ ಮತ್ಸ್ಯ ವಿಷಯ ಪರಿಣತರು."

"ಸಾರ್, ನಾನು ಬೋಟಿಗೆ ಹೋದವನಲ್ಲ. ಬಿಕಾಂ ಮಾಡಿದ್ದು. ನನಗೆ ರಜೆ..."

"ಅದೇ ಹೇಳ್ತಿರೋದು. ಮೀನಿನ ವಿಚಾರ ಇತ್ಯರ್ಥ ಆಗೋ ತನಕ ಪರಿಣತರು ಸ್ಥಾನ ಬಿಟ್ಟು ಹೋಗೋ ಹಾಗಿಲ್ಲ. ಮುಗಿದ ಮರುದಿನವೇ ಹೊರಡಿ."

ಅವನ ಮೇಜಿನ ಮೇಲೆ ಹಿತ್ತಾಳೆಯ ನಾಮಫಲಕ ಬಂತು. ಅದರ ಫೋಟೋ ಊರಿಗೆ ಹೋಯಿತು. ಮಲ್ಪೆಯ ಯುವಕ ಮಂಡಲದವರು ದಾರಿಗೆ ಅಡ್ಡವಾಗಿ ಅಭಿನಂದನೆಯ ಬ್ಯಾನರ್ ಕಟ್ಟಿದರು. ಸ್ವರ್ಣಲತಾಳ ದನಿಯೂ ಸ್ವಲ್ಪ ಬದಲಾಯಿತು. "ನಿಮ್ಮನ್ನು ಬಿಟ್ಟರೆ ಅಲ್ಲಿ ಬೇರೆ ಜನ ಇಲ್ಲವಂತೆ ಅಲ್ವಾ," ಎಂದಳು. ಅದರಲ್ಲಿ ದುಃಖ ಎಷ್ಟು, ಹೆಮ್ಮೆ ಎಷ್ಟು ಎಂದು ಗುರುವನಿಗೆ ತಿಳಿಯಲಿಲ್ಲ.

ಡಿಸೆಂಬರ್ ಇಪ್ಪತ್ತನಾಲ್ಕಕ್ಕೆ ಒಪ್ಪಂದವಾಯಿತು. ಗುರುವ ಎರಡು ವರ್ಷದ ಫ್ರಾಕ್ ಇಟ್ಟ ಕಾರ್ಟನ್ನನ್ನು ಕಚೇರಿಗೇ ಹೊತ್ತು ತಂದಿದ್ದ. ಗೋಪಾಲಕೃಷ್ಣ ಒಪ್ಪಂದದ ಪುಟಗಳನ್ನು ತಿರುವಿ, ಒಂದು ಕಡೆ ಬೆರಳಿಟ್ಟರು.

"ಮೀನಿನ ಏರ್ಪಾಡು 2026ರ ಜೂನ್ ತನಕ ಮಾತ್ರ ಅಂತ ಬರೆದಿದ್ದಾರೆ. ಅಂದ್ರೆ ಇತ್ಯರ್ಥ ಆಗಿಲ್ಲ. ತಾತ್ಕಾಲಿಕ."

ಅವನು ಓದಿ ನೋಡಿದ. ಹೌದು, ಹಾಗೇ ಇತ್ತು. ಸಾಹೇಬರು ಸುಳ್ಳು ಹೇಳಿರಲಿಲ್ಲ.

ಮರುವರ್ಷ ಇಂಗ್ಲಿಷ್ ಎಂಜಿನಿಯರ್ ಶಾಶ್ವತವಾಗಿ ತಮ್ಮೂರಿಗೆ ಹೊರಟುಹೋದರು. ಹೊರಡಲು ಅವರಿಗೆ ಏನೂ ಅಡ್ಡಿಯಾಗಲಿಲ್ಲ. ಕೊಳ್ಳುವವರಿಲ್ಲದೆ ಮಾರ್ಮಲೇಡ್ ನಿಂತಿತು, ಬ್ರಿಟನ್ನಿನೊಂದಿಗೆ ಕಂಪನಿಯ ವ್ಯಾಪಾರ ಮುಗಿಯಿತು. ಇದರಿಂದ ಕೋಶದ ಕಾರ್ಯಕ್ಕೆ ಯಾವ ತೊಂದರೆಯೂ ಆಗಲಿಲ್ಲ. ವ್ಯಾಪಾರದ ಗಲಾಟೆ ಇಲ್ಲದ್ದರಿಂದ ಅಧ್ಯಯನಕ್ಕೆ ಹೆಚ್ಚು ಸಮಯ ಸಿಕ್ಕಿತು. ಗುರುವ ವರ್ಷಕ್ಕೊಂದು ಮೀನಿನ ವರದಿ ಬರೆದ, ವರ್ಷಕ್ಕೊಂದು ಫ್ರಾಕ್ ಬದಲಾಯಿಸಿದ. ಹಕೀಂ ಅವನ ಅವಧಿ ಮೀರಿದ ಪಾಸ್‌ಪೋರ್ಟನ್ನು ನವೀಕರಿಸಿ ತಂದು, ಮತ್ತೆ ಅದೇ ಕಪಾಟಿನಲ್ಲಿಟ್ಟ. ಮಲ್ಪೆಯ ಅಂಗನವಾಡಿಯಲ್ಲಿ ಅಪ್ಪ ಎಲ್ಲಿ ಎಂದು ಕೇಳಿದರೆ ತೃಪ್ತಿ "ಮೀನಿನ ಮೀಟಿಂಗ್‌ನಲ್ಲಿ" ಎನ್ನುತ್ತಿದ್ದಳು.

2026 ಹತ್ತಿರ ಬಂತು. ಗುರುವ ಏಳು ವರ್ಷದ ಅಳತೆಯ ಫ್ರಾಕ್ ಒಂದನ್ನು ವರ್ಷ ಮೊದಲೇ ಫಯಾಝ್‌ನಲ್ಲಿ ಹೇಳಿಟ್ಟಿದ್ದ. ಹೀಗಿರುತ್ತ 2025ರ ಮೇ ತಿಂಗಳಲ್ಲಿ ಬ್ರಿಟನ್ನೂ ಯುರೋಪೂ ಮತ್ತೆ ಕೂತು ಮಾತಾಡಿ, ಮೀನಿನ ಏರ್ಪಾಡನ್ನು ಇನ್ನೂ ಹನ್ನೆರಡು ವರ್ಷ ವಿಸ್ತರಿಸಿದವು. ಕೋಶದ ಸುತ್ತೋಲೆ ಅದೇ ಮಧ್ಯಾಹ್ನ ಬಂತು: "ಮತ್ಸ್ಯ ವಿಷಯ ಪರಿಣತರ ರಜೆಯನ್ನು 2038ಕ್ಕೆ ತಾತ್ವಿಕವಾಗಿ ಮಂಜೂರು ಮಾಡಲಾಗಿದೆ." ಆರು ವರ್ಷದಲ್ಲಿ 'ಮಂಜೂರು' ಎಂಬ ಮಾತು ಬಂದದ್ದು ಅದೇ ಮೊದಲು. ಕಚೇರಿಯವರು ಚಪ್ಪಾಳೆ ತಟ್ಟಿದರು. ಕ್ಲಾರಿಸ್ಸಾ ನಿಂತಲ್ಲಿಂದಲೇ ಕೈ ಕುಲುಕಿದಳು. ಹಕೀಂ ಕೂಡ, "ಮಬ್ರೂಕ್, ಶುಭಾಶಯ. ಕೊನೆಗೆ ಒಂದು ತಾರೀಕಾದರೂ ಸಿಕ್ಕಿತಲ್ಲ," ಎಂದ.

ಶುಕ್ರವಾರ ಗುರುವ ಸೂಕ್‌ಗೆ ಹೋದ. ಫಯಾಝ್ ಏಳು ವರ್ಷದ ಫ್ರಾಕನ್ನು ಕೈಯಲ್ಲಿ ಹಿಡಿದು, ಸುದ್ದಿ ಕೇಳಿ, ಬೆರಳು ಮಡಚಿ ಲೆಕ್ಕ ಹಾಕಿದ.

"ಆಗ ಹುಡುಗಿಗೆ ಹತ್ತೊಂಬತ್ತು ಗುರುವಣ್ಣ. ಫ್ರಾಕ್ ಎಂತಕ್ಕೆ? ಸೀರೆ ತಗೊಳ್ಳಿ. ಸೀರೆಯಾದರೆ ಅಳತೆ ಬದಲಾಯಿಸುವ ರಗಳೆ ಇಲ್ಲ."

ಗುರುವ ಫ್ರಾಕನ್ನು ಒಮ್ಮೆ ಮುಟ್ಟಿ ನೋಡಿದ. ಆದರೆ ಫಯಾಝ್ ಹೇಳಿದ್ದರಲ್ಲಿ ತಪ್ಪೇನಿತ್ತು? ಗುರುವ ಮನೆಗೆ ವಿಡಿಯೋ ಕಾಲ್ ಮಾಡಿ, ಎರಡು ಸೀರೆಗಳನ್ನು ಪರದೆಯ ಮುಂದೆ ಹಿಡಿದ.

"ಹಸಿರು," ಎಂದಳು ತೃಪ್ತಿ. ಮುಂದಿನ ಎರಡು ಹಲ್ಲು ಬಿದ್ದಿದ್ದವು. "ಅಪ್ಪ, ನಾನು ಉಡುವಾಗ ನೀವು ಇರ್ತೀರಾ?"

"ಇರ್ತೇನೆ ಮಗಾ. ಈ ಸಲ ಮಂಜೂರಾಗಿದೆ."

"ಹಸಿರು ಬೇಡ," ಎಂದಳು ಹಿಂದಿನಿಂದ ಸ್ವರ್ಣಲತಾ, ಪರದೆಯ ಹತ್ತಿರ ಬಂದು ಸೆರಗನ್ನು ಗಮನವಿಟ್ಟು ನೋಡುತ್ತ. "ಇಟ್ಟು ಇಟ್ಟು ಬಣ್ಣ ಹೋಗ್ತದೆ. ಮರೂನ್ ಇರ್ಲಿ."

ಮರೂನ್ ಎಂದು ತೀರ್ಮಾನವಾಯಿತು. ಫಯಾಝ್ ಸೀರೆಯ ಮಡಿಕೆಗಳ ನಡುವೆ ಎರಡು ನುಸಿಗುಳಿಗೆ ಇಟ್ಟು ಕಟ್ಟಿಕೊಟ್ಟ. ರವಿಕೆಯ ಅಳತೆಯನ್ನು 2038ರ ಜನವರಿಯಲ್ಲಿ ಕಳಿಸುತ್ತೇನೆಂದು ಸ್ವರ್ಣಲತಾ ಒಪ್ಪಿಕೊಂಡಳು.