ಬ್ಯಾಡಗಿ ಮಾಲಿಗೆ ಕಣ್ಣೀರು ಬರೂದಿಲ್ಲ

“ಕೈಗೆ ಕೆಲಸಾ ಕೊಟ್ರ ಬಾಯಿ ತಾನ ಬಿಚ್ಚತೈತಿ” ಎಂದು ನನಗೆ ಮೊದಲು ಹೇಳಿದವರು ನಮ್ಮ ಅತ್ತೆ. ಅವರು ಸಾಲೆಯ ಕಟ್ಟೆ ಹತ್ತಿದವರಲ್ಲ. ನಾನು ಬಿ.ಎ. ಮಾಡಿದವಳು, ಹಾವೇರಿಯ ಹೆಣ್ಣುಮಕ್ಕಳ ಸಾಲೆಯಲ್ಲಿ ಪಾಠ ಹೇಳುವ ಅಕ್ಕಾರು. ಹೀಗಾಗಿ ಅವರ ಮಾತು ನನಗೆ ತಿಳಿಯಲು ಬಹಳ ವರ್ಷ ಬೇಕಾದವು.

ನಮ್ಮ ಮನೆಯಲ್ಲಿ ಇಂಥವು ನಡೆಯುತ್ತಲೇ ಇರುತ್ತಿದ್ದವು. ಕಾಲೇಜಿಗೆ ಹೋದ ಹುಡುಗ ಊಟ ಬಿಟ್ಟರೆ, ನಿದ್ದೆಗೆಟ್ಟರೆ, ಒಬ್ಬನೇ ಮಾತಾಡಿಕೊಂಡರೆ, ಹೆತ್ತವರು ನನ್ನ ಮುಂದೆ ತಂದು ಕೂರಿಸುತ್ತಿದ್ದರು. ಕಾಲೇಜಿನ ಮುಳ್ಳನ್ನು ಕಾಲೇಜಿನ ಮುಳ್ಳಿನಿಂದಲೇ ತೆಗೆಯಬೇಕೆಂಬ ಲೆಕ್ಕ. ರಾಣೆಬೆನ್ನೂರಿನವರು ಎದ್ದರೆ ಐರಣಿಯವರು ಕೂತರು. ನನಗೆ ಗೊತ್ತಿದ್ದ ಮದ್ದು ಒಂದೇ, ಚಹಾ. ಎರಡನೆಯ ಮಹಾಯುದ್ಧದ ದಿನಗಳು, ಸಕ್ಕರೆ ಸಿಗುತ್ತಿರಲಿಲ್ಲ. ಅದೂ ಬೆಲ್ಲದ ಚಹಾ.

ಅವರೊಳಗೆ ಬ್ಯಾಡಗಿಯ ಒಬ್ಬ ಹುಡುಗನನ್ನು ಮಾತ್ರ ಮರೆಯಲಾರೆ.

೧. ಘಾಟು

ಅವನು ಮೆಣಸಿನಕಾಯಿ ಸಾವಕಾರರ ಒಬ್ಬನೇ ಮಗ. ಧಾರವಾಡದಲ್ಲಿ ಇಂಟರ್ ಓದುತ್ತಿದ್ದ, ಒಮ್ಮೆ ನಪಾಸಾಗಿದ್ದ. ಎರಡನೆಯ ಸಲದ ಪರೀಕ್ಷೆಗೆ ಹತ್ತು ದಿನವಿದ್ದಾಗ ಟ್ರಂಕು ಸಮೇತ ಮನೆಗೆ ಬಂದು, “ನಾ ಹೋಗಂಗಿಲ್ಲ” ಎಂದ. ಯಾಕೆ ಎಂದರೆ ಬಾಯಿಲ್ಲ. ಪಡಸಾಲೆಯಲ್ಲಿ ಈ ಗೋಡೆಯಿಂದ ಆ ಗೋಡೆಗೆ ನಡಿಗೆ, ಅಷ್ಟೇ.

ತಾಯಿ ದೃಷ್ಟಿ ತೆಗೆದಳು. ಒಲೆಗೆ ಹಾಕಿದ ಮೆಣಸಿನಕಾಯಿ ಘಾಟು ಹೊಡೆದರೆ ದೃಷ್ಟಿಯಿಲ್ಲ. ಹೊಡೆಯದಿದ್ದರೆ ತಗಲಿದೆ ಎಂದರ್ಥ. ಹಿಡಿಗಟ್ಟಲೆ ಸುಟ್ಟರೂ ಮನೆಯಲ್ಲಿ ಒಬ್ಬರೂ ಕೆಮ್ಮಲಿಲ್ಲ.

“ನೋಡ್ರಿ, ಎಂಥಾ ಕೆಟ್ಟ ಕಣ್ಣು!” ಎಂದು ತಾಯಿ ಎದೆ ಬಡಿದುಕೊಂಡಳು.

“ಕಣ್ಣೂ ಇಲ್ಲ, ಮೂಗೂ ಇಲ್ಲ. ಅದು ನನ್ನ ಮಾಲು!” ಸಾವಕಾರರು ಸಿಟ್ಟಾದರು. “ಬಣ್ಣ ಕೊಡತೈತಿ, ಕಣ್ಣೀರು ತರಂಗಿಲ್ಲ. ಮೂವತ್ತು ವರ್ಷ ಆತು ಪ್ಯಾಟ್ಯಾಗ ಇದನ್ನ ಒದರಾಕತ್ತೇನಿ, ಮನ್ಯಾಗ ಒಬ್ಬರ ಕಿವಿಗೂ ಬಿದ್ದಿಲ್ಲ.”

“ಹಂಗಾರ ಬ್ಯಾರೆ ಊರಿನ ಖಾರನ್ನ ಕಾಯಿ ತರ್ರಿ, ಮತ್ತ ತಗೀತೇನಿ.”

“ನನ್ನ ಮನ್ಯಾಗ ಮಂದಿ ಮಾಲ? ಅದಕ್ಕಿಂತ ಹುಡುಗಗ ದೃಷ್ಟಿ ತಗಲಿದ್ದ ಚಲೋ!”

೨. ಪಾಟೀಸವಾಲು

ಮರುದಿನ ಸಾವಕಾರರು ಮಗನನ್ನೂ ಒಂದು ಚೀಲ ಮೆಣಸಿನಕಾಯಿಯನ್ನೂ ನಮ್ಮ ಪಡಸಾಲೆಯಲ್ಲಿ ಇಳಿಸಿದರು. “ಅಕ್ಕಾರ, ಬರೂ ಸೋಮವಾರದ ಗಾಡಿಗೆ ಇಂವಾ ಧಾರವಾಡಕ್ಕ ಹೋಗಬೇಕ್ರಿ. ಹೋಗಲಿಲ್ಲಂದ್ರ ಓದು ಮುಗೀತು, ಅಂಗಡಿ ಗಾದಿ ಮ್ಯಾಲೆ ಕುಂದ್ರಸ್ತೇನಿ. ನಿಮ್ಮ ಕೈಯಾಗ ಹಾಕೇನಿ” ಎಂದು ಹೊರಟುಹೋದರು. ಮಗ ಅಪ್ಪನ ಬೆನ್ನನ್ನೇ ನೋಡುತ್ತ ನಿಂತ. ಅಂಗಡಿಯೂ ಅವನಿಗೆ ಬೇಡವಾಗಿತ್ತು ಎಂದು ಆ ಮುಖ ನೋಡಿದ ಯಾರಿಗಾದರೂ ತಿಳಿಯುತ್ತಿತ್ತು.

ನಾನು ನನ್ನ ಕಾಲೇಜಿನ ಮನಃಶಾಸ್ತ್ರದ ಪುಸ್ತಕ ತೆಗೆದೆ. ಅದರಲ್ಲಿ ಇಲಿಗಳ ಸುದ್ದಿಯೇ ಬಹಳವಿತ್ತು. ನಮ್ಮವರು ವಕೀಲರು. “ನಿನ್ನ ಪುಸ್ತಕಾ ಇಡು, ನಾ ಬಾಯಿ ಬಿಡಸ್ತೇನಿ” ಎಂದು ಕುರ್ಚಿ ಎಳೆದು ಕೂತರು.

“ನಿನಗ ಪರೀಕ್ಷಾದ ಅಂಜಿಕಿ ಐತಿ. ಹೌದೋ, ಅಲ್ಲೋ?”

“ಹೌದ್ರಿ. ಅಲ್ರಿ.”

“ಎರಡೂ ಅನ್ನಂಗಿಲ್ಲ. ನಿದ್ದಿ ಬರತೈತೋ ಇಲ್ಲೋ?”

ಹುಡುಗ ತಿರುಗಿ ಕೇಳಿದ, “ಸಾಹೇಬ್ರ, ನೀವು ನಿನ್ನಿ ಕೇಸು ಸೋತ್ರಂತ. ನಿಮಗ ನಿದ್ದಿ ಬಂತೇನ್ರಿ?”

ನಮ್ಮವರು ಎದ್ದರು. “ಸಾಕ್ಷಿದಾರ ಭಾಳ ಗಟ್ಟಿ ಅದಾನ” ಎಂದು ಅಂಗಳಕ್ಕಿಳಿದು ತಾವೂ ತಿರುಗಾಡತೊಡಗಿದರು. ಅಂದಿನಿಂದ ನಮ್ಮ ಅಂಗಳದಲ್ಲಿ ಇಬ್ಬರ ನಡಿಗೆ. ಎದುರಾದಾಗ ಬಹಳ ಮರ್ಯಾದೆಯಿಂದ ಒಬ್ಬರಿಗೊಬ್ಬರು ಹಾದಿ ಬಿಡುತ್ತಿದ್ದರು.

೩. ಕೋಟಿನ ಗುಂಡಿ

ಅಂಗಳ ಸಾಲದಾದಾಗ ಹುಡುಗ ಸ್ಟೇಷನ್ನಿನವರೆಗೆ ನಡೆದ. ದಿನವೂ ಧಾರವಾಡದ ಗಾಡಿಯ ಹೊತ್ತಿಗೆ ಹೋಗುವುದು, ಗಾಡಿ ಬಂದದ್ದು ನೋಡುವುದು, ಹೋದದ್ದು ನೋಡುವುದು, ತಿರುಗಿ ಬರುವುದು. ನನಗೂ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಶನಿವಾರ ಬಂದಿತ್ತು, ಹುಡುಗ ಇನ್ನೂ ಕಾರಣ ಹೇಳಿರಲಿಲ್ಲ. ಅವನ ಹಿಂದೆಯೇ ಹೋದೆ.

ಸ್ಟೇಷನ್ ಮಾಸ್ತರರು ನನ್ನನ್ನು ಮರೆಗೆ ಕರೆದು ಪಿಸುಗುಟ್ಟಿದರು. “ಅಕ್ಕಾರ, ಈ ಹುಡುಗ ನಿಮ್ಮ ಪೈಕಿ ಏನ್ರಿ? ದಿನಾ ಬರ್ತಾನ, ಗಡಿಯಾರ ನೋಡ್ತಾನ, ಗಾಡಿ ನೋಡ್ತಾನ, ಟಿಕೀಟು ತಗೊಳ್ಳಂಗಿಲ್ಲ. ಮ್ಯಾಲಿನವರು ಗುಪ್ತ ತಪಾಸಕ್ಕ ಕಳಿಸ್ಯಾರಂತ ತಿಳದು ಕೋಟಿನ ಒಂದು ಗುಂಡೀನೂ ಬಿಚ್ಚಿಲ್ರಿ ನಾ. ಈ ಬಿಸಿಲಾಗ!”

“ಅವಗ ಮನಸ್ಸಿಗೆ ಸಮಾಧಾನ ಇಲ್ಲ, ನಿದ್ದಿ ಇಲ್ಲ, ಅಷ್ಟ” ಎಂದೆ.

“ಅಂವ ಬರಾಕ ಹತ್ತಿದಾಗಿಂದ ನನಗೂ ಇಲ್ರಿ” ಎಂದರು ಮಾಸ್ತರರು. “ನಿಮ್ಮ ಮನಿಗೆ ನಾ ಯಾವಾಗ ಬರಲಿ?”

೪. ಖಾರ

ಸೋಮವಾರ ಮುಂಜಾನೆ. ಗಾಡಿಗೆ ನಾಲ್ಕು ತಾಸು ಉಳಿದಿತ್ತು. ಹುಡುಗ ಅಂಗಳ ಸುತ್ತುತ್ತಿದ್ದ, ನಾನು ಅಡಿಗೆಮನೆ ಸುತ್ತುತ್ತಿದ್ದೆ. ಅತ್ತೆಗೆ ಸಾಕಾಯಿತು. ಸಾವಕಾರರ ಚೀಲವನ್ನು ಚಾಪೆಯ ಮೇಲೆ ಸುರುವಿದರು.

“ಬಾ ತಮ್ಮಾ, ಸುಮ್ಮನ ನೆಲಾ ಸವಸಬ್ಯಾಡ. ಇದರ ತುಂಬು ಮುರದು ಕೊಡು, ನನ್ನ ಕೈಲೆ ಆಗಂಗಿಲ್ಲ.”

ಅವನು ಕೂತ. ಒಂದೊಂದೇ ಕಾಯಿಯ ತೊಟ್ಟು ಮುರಿದು ಕಾಯಿ ಈ ಕಡೆ, ತುಂಬು ಆ ಕಡೆ. ಅತ್ತೆ ಏನೂ ಕೇಳಲಿಲ್ಲ, ಅವನ ಮುಖವನ್ನೂ ನೋಡಲಿಲ್ಲ. ಅರ್ಧ ರಾಶಿ ಮುಗಿಯುವಾಗ ಹುಡುಗ ಮೆಣಸಿನಕಾಯಿಗೆ ಹೇಳುವಂತೆ ಹೇಳಿದ:

“ಅಜ್ಜೀ, ನಮ್ಮಪ್ಪ ಅಂಗಡಿ ಬೋರ್ಡಿನ ಮ್ಯಾಲೆ ತನ್ನ ಹೆಸರಿನ ಕೆಳಗ ‘ಮತ್ತು ಮಗ, ಬಿ.ಎ.’ ಅಂತ ಆಗಲೇ ಬರಸ್ಯಾನ. ನಾ ಇನ್ನೂ ಇಂಟರ್ ದಾಟಿಲ್ಲ. ಪೇಪರ್ ಕೈಗೆ ಬಂತಂದ್ರ ನನಗ ಪ್ರಶ್ನಿ ಕಾಣಂಗಿಲ್ಲ. ಆ ಬೋರ್ಡ ಕಾಣತೈತಿ.”

ಅಷ್ಟು ಹೇಳಿ ಅಳತೊಡಗಿದ. ಇಷ್ಟು ದಿನದ್ದು ಒಮ್ಮೆಲೇ.

ತಲೆ ಎತ್ತಿ ನೋಡುತ್ತೇನೆ, ಬಾಗಿಲಲ್ಲಿ ಸಾವಕಾರರು! ಮಗನನ್ನು ಗಾಡಿ ಹತ್ತಿಸಲು ಬಂದವರು ಎಷ್ಟು ಹೊತ್ತಿನಿಂದ ನಿಂತಿದ್ದರೋ. ಹುಡುಗ ಗಾಬರಿಯಾಗಿ ಕಣ್ಣೊರೆಸಿಕೊಂಡ.

“ಏನಿಲ್ಲಪ್ಪಾ... ಮೆಣಸಿನಕಾಯಿ ಕಣ್ಣಿಗೆ ಹತ್ತಿತು.”

ಸುಳ್ಳು ಹೇಳಿದ್ದು ಯಾರ ಮುಂದೆ, ಯಾರ ಮಾಲಿನ ಮೇಲೆ! ಸಾವಕಾರರು ಬಂದು ಒಂದು ಕಾಯಿ ಎತ್ತಿದರು, ಮುರಿದು ಬಾಯಿಗೆ ಹಾಕಿಕೊಂಡು ಅಗಿದರು. ಮಗನನ್ನು ನೋಡಿದರು. ಆಮೇಲೆ ತಲೆಯ ಪಟಕಾ ತೆಗೆದಿಟ್ಟು ಅವನ ಪಕ್ಕದಲ್ಲೇ ಕೂತು ತುಂಬು ಮುರಿಯತೊಡಗಿದರು. ನಾಲ್ಕು ಕಾಯಿ ಆಗುವುದರೊಳಗೆ ಅವರ ಮೂಗೂ ಕೆಂಪಾಗಿತ್ತು.

“ಹೌದ ತಮ್ಮಾ,” ಎಂದರು ಪಟಕಾದ ತುದಿಯಿಂದ ಕಣ್ಣೊತ್ತಿಕೊಳ್ಳುತ್ತ, “ಈ ಸಲದ ಮಾಲು ಭಾಳ ಖಾರ ಐತಿ.”

ಅತ್ತೆ ಕೈಕೆಲಸ ಬಿಡದೆ ಹೇಳಿದರು: “ಸಾವಕಾರ್ರ, ಇಲ್ಲಿ ಅಂದ್ರಿ, ಆತು. ಪ್ಯಾಟ್ಯಾಗ ಅನಬ್ಯಾಡ್ರಿ, ಗಿರಾಕಿ ಓಡಿಹೋದಾವು.”

ಹುಡುಗ ಅಳುತ್ತಲೇ ನಕ್ಕ. ಆ ದಿನ ಸ್ಟೇಷನ್ನಿನಲ್ಲಿ ಅವನು ಟಿಕೀಟು ತೆಗೆದದ್ದು ನೋಡಿ ಮಾಸ್ತರರು ಕೋಟಿನ ಗುಂಡಿ ಮೇಲಿಂದ ಕೆಳಗಿನವರೆಗೆ ಬಿಚ್ಚಿದರು. ಮುಂದಿನ ವಾರ ಬ್ಯಾಡಗಿಗೆ ಹೋದಾಗ ಕಂಡೆ, ಬೋರ್ಡಿನಲ್ಲಿ ‘ಮತ್ತು ಮಗ’ ಉಳಿದಿತ್ತು. ಅದರ ಮುಂದಿನದಕ್ಕೆ ಸುಣ್ಣ ಬಳಿದಿತ್ತು.

ಹುಡುಗ ಪಾಸಾದನೋ ಎಂದು ಕೇಳಲು ನಿಮ್ಮ ಬಾಯಿ ತುರಿಸುತ್ತಿದೆ. ಅದನ್ನು ಕೇಳಬಾರದು ಅಂತಲೇ ಇಷ್ಟೆಲ್ಲ ಹೇಳಿದ್ದು! ನೀವೂ ಯಾರಿಗಾದರೂ ಹೇಳಿರಿ, ಕಾಲೇಜಿಗೆ ಮಕ್ಕಳನ್ನು ಕಳಿಸಿದವರಿಗೆ ಮೊದಲು ಹೇಳಿರಿ. ಅವರೂ ಅದನ್ನೇ ಕೇಳುತ್ತಾರೆ. ಕೇಳಿದರೆ ಕೈಗೊಂದು ಬುಟ್ಟಿ ಮೆಣಸಿನಕಾಯಿ ಕೊಡಿರಿ.