ಅಳಿಯನ ಕಾರಿಗೆ ಉದ್ದನೆಯ ಸ್ಟಡ್ಡು

ಗಂಡಸಿನ ಮರ್ಯಾದೆ ಮೀಸೆಯಲ್ಲಿದೆ ಎಂದು ಹಿಂದಿನವರು ಹೇಳುತ್ತಿದ್ದರು. ಮೀಸೆ ಬೋಳಿಸಿಕೊಂಡವನು ಅದನ್ನು ಎಲ್ಲಿಟ್ಟುಕೊಳ್ಳಬೇಕು? ನಾನು ಕಾರಿನಲ್ಲಿ ಇಟ್ಟುಕೊಂಡಿದ್ದೆ. ಅದನ್ನು ನನ್ನ ಭಾವಮೈದುನ ಪ್ರಭುಸ್ವಾಮಿ, ತನ್ನ ಮಗನಿಗೆ ಹೆಣ್ಣು ಕೊಡುವವರು ಮನೆ ನೋಡಲು ಬಂದ ದಿನ, ತನ್ನೂರು ಮಿರ್ಲೆಯ ಸಮಸ್ತ ನೆಂಟರಿಷ್ಟರ ಸಮ್ಮುಖದಲ್ಲಿ ಕೊಟ್ಟಿಗೆಯ ಹಿಂದಕ್ಕೆ ಕಳಿಸಿಬಿಟ್ಟ.

"ಭಾವ, ಬೇಜಾರ್ ಮಾಡ್ಕಬ್ಯಾಡಿ. ಮುಂದ್ಗಡೆ ಬೀಗ್ರ ಕಾರು ಬತ್ತವೆ. ನಿಮ್ದು ವಸಿ ಕೊಟ್ಗೆ ಹಿಂದುಕ್ಕೆ ಆಕ್ಬುಡಿ," ಎಂದ.

ಹಾಕಿದೆ. ಅಲ್ಲಿದ್ದ ಎಮ್ಮೆ ನನ್ನ ಕಾರನ್ನೊಮ್ಮೆ ನೋಡಿ ಮುಖ ತಿರುಗಿಸಿಕೊಂಡಿತು. (ಹುಣಸೂರಿನಲ್ಲಿ ನನ್ನದು ಗೊಬ್ಬರದ ಅಂಗಡಿ. ಕಾರಿಗೆ ಆ ವಾಸನೆ ಸ್ವಲ್ಪ ಇರುವುದು ನಿಜ. ಆದರೆ ಎಮ್ಮೆ ಮೂಗು ಮುರಿಯುವಷ್ಟೇನಿಲ್ಲ.) ಆ ಕ್ಷಣವೇ ನಾನು ಭೀಷಣ ಪ್ರತಿಜ್ಞೆ ಮಾಡಿದೆ: ಪ್ರಭುವಿನ ಮಗ ಸುನೀಲ್ಕುಮಾರ್ ಮದುಮಗನಾಗಿ ಪಿರಿಯಾಪಟ್ಟಣದ ಕಲ್ಯಾಣಮಂಟಪಕ್ಕೆ ಹೋಗುವುದು ನನ್ನ ಕಾರಿನಲ್ಲೇ, ಓಡಿಸುವವನು ನಾನೇ!

ಬಣ್ಣ ಹೊಡೆಸಲು ಟೈಮಿರಲಿಲ್ಲ. ಅಷ್ಟರಲ್ಲಿ ಕೊಪ್ಪದಲ್ಲಿ ಯಾರೋ ಹೊಸ ಕಾರು ಕೊಂಡವರು ಹಳೆಯ ಕಾರಿನ ಅಲಾಯ್ ಚಕ್ರಗಳನ್ನು ಮಾರುತ್ತಾರೆಂದು ತಿಳಿಯಿತು. ಹೋಗಿ ನೋಡಿದೆ. ಅಗಲವಾದ, ದಪ್ಪನೆಯ, ಮುಖ ನೋಡಿಕೊಂಡು ಕ್ಷೌರ ಮಾಡಿಕೊಳ್ಳಬಹುದಾದಂಥ ಚಕ್ರಗಳು. ಕಾರಿಗೆ ಕೈಕಾಲು ಚೆನ್ನಾಗಿದ್ದರೆ ಮುಖವನ್ನು ಯಾರು ನೋಡುತ್ತಾರೆ? ಮನೆಗೆ ತಂದೆ.

ಚಕ್ರ ಹಾಕಲು ನಮ್ಮ ಬೀದಿಯ ಮೆಕ್ಯಾನಿಕ್ ಮೂರ್ತಿ ಬಂದ. ಕೈಗಿಂತ ಬಾಯಿ ಮುಂದಿರುವ ಆಸಾಮಿ. ನಾಲ್ಕೂ ಚಕ್ರ ತೊಡಿಸಿ, "ಇನ್ಮೇಲೆ ಇದು ಕಾರಲ್ಲ ಸಾರ್, ವಿಮಾನ," ಎಂದು ಘೋಷಿಸಿದ. ನನ್ನ ಹೆಂಡತಿ ನೀಲಾಂಬಿಕೆ ಮಾತ್ರ ಚಕ್ರದ ಮುಂದೆ ಕುಕ್ಕರುಗಾಲಿನಲ್ಲಿ ಕೂತು ನೋಡುತ್ತಲೇ ಇದ್ದಳು.

"ಏನ್ರೀ ಇದು, ಈ ನಟ್ಟು ಎರಡೇ ಸುತ್ತಿಗೆ ಬಿಚ್ಚಿಕೊಂಡು ಕೈಗೆ ಬಂತು!"

ಆ ನಟ್ಟು ಸುತ್ತಿಕೊಳ್ಳುವ, ಚಕ್ರವನ್ನು ಕಾರಿಗೆ ಹಿಡಿದು ನಿಲ್ಲಿಸುವ ಬೋಲ್ಟಿಗೆ ಸ್ಟಡ್ಡು ಎನ್ನುತ್ತಾರೆ. ಹೊಸ ಚಕ್ರ ದಪ್ಪ, ಹಳೆಯ ಸ್ಟಡ್ಡು ಗಿಡ್ಡ. ಅದರ ತುದಿ ಚಕ್ರದಿಂದ ಈಚೆಗೆ ಸುಮ್ಮನೆ ಮೂತಿ ತೋರಿಸುತ್ತಿತ್ತು.

"ಎರಡು ಸುತ್ತು ಸಾಕು ಕಣಕ್ಕ, ಏನೂ ಆಗಕ್ಕಿಲ್ಲ," ಎಂದ ಮೂರ್ತಿ.

ಅವಳು ಒಳಗೆ ಹೋಗಿ ಉಪ್ಪಿನಕಾಯಿ ಜಾಡಿ ತಂದಳು. ಮುಚ್ಚಳವನ್ನು ಅರ್ಧ ಸುತ್ತು ತಿರುಗಿಸಿ ಮೂರ್ತಿಯ ಮುಂದೆ ಹಿಡಿದಳು. "ತಗೋ. ಮುಚ್ಚಳ ಹಿಡ್ಕೊಂಡು ಎತ್ತು. ಕೆಳಗೆ ಬಿದ್ರೆ ವರ್ಷಪೂರ್ತಿ ಉಪ್ಪಿನಕಾಯಿ ನಿಮ್ಮನೆಯಿಂದ ತಂದುಕೊಡಬೇಕು."

ಮೂರ್ತಿ ಎತ್ತಲಿಲ್ಲ. ನಾನೂ ಎತ್ತಲಿಲ್ಲ.

"ಮದುಮಗನಿಗೆ ನಾನು ಸೋದರತ್ತೆ. ಕಳಸ ಹಿಡ್ಕೊಂಡು ಈ ಕಾರಲ್ಲಿ ಕೂರಬೇಕಾದವಳು. ದಾರೀಲಿ ಚಕ್ರ ಒಂದು ಕಡೆ, ನಾನೊಂದು ಕಡೆ ಹೋದ್ರೆ ನಿಮಗೆ ಸಂತೋಷವೇನೋ, ನನಗಿಲ್ಲ," ಎಂದಳು. (ಸಂತೋಷದ ವಿಷಯದಲ್ಲಿ ನಾನು ಯಾವ ಹೇಳಿಕೆಯನ್ನೂ ಕೊಡಲಿಲ್ಲ.)

ಸರಿ, ಮೈಸೂರಿಗೆ ಹೋಗಿ ಉದ್ದನೆಯ ಸ್ಟಡ್ಡುಗಳನ್ನು ತಂದೆ. ಮರುದಿನ ಬೆಳಿಗ್ಗೆ ನಮ್ಮ ಅಂಗಳದಲ್ಲಿ ಶಸ್ತ್ರಚಿಕಿತ್ಸೆ. ಮೂರ್ತಿ ಹಳೆಯ ಸ್ಟಡ್ಡಿನ ತಲೆಗೆ ಸುತ್ತಿಗೆಯಿಂದ ಬಡಿದು ಒಂದೊಂದನ್ನೇ ಹಿಂದಕ್ಕೆ ಕೆಡವುವುದು, ಆ ತೂತಿಗೆ ಹೊಸದನ್ನು ಹಿಂದಿನಿಂದ ತೂರಿಸಿ, ಮುಂದಿನಿಂದ ವಾಷರು, ನಟ್ಟು ಕೊಟ್ಟು ಬಿಗಿಯುತ್ತಾ ಅದು ಗಟ್ಟಿಯಾಗಿ ಕೂರುವ ತನಕ ಎಳೆಯುವುದು. ಎಳೆಯುವ ಕೆಲಸ ನನ್ನದು. ಒಂದು ಸ್ಟಡ್ಡಂತೂ ತವರಿಗೆ ಬಂದ ಮಗಳ ಹಾಗೆ ಹಟ ಹಿಡಿದು ಕೂತಿತ್ತು. ಸ್ಪ್ಯಾನರಿನ ಮೇಲೆ ಹತ್ತಿ ನಿಂತೆ. ಅದು ಜಾರಿತು, ನಾನು ಗ್ರೀಸಿನ ಡಬ್ಬದಲ್ಲಿ ಕೂತೆ. ನೀಲಾಂಬಿಕೆ ಕುರ್ಚಿಯ ಮೇಲೆ ಕೂತು, ಅವರೆಕಾಯಿ ಸುಲಿಯುತ್ತಾ, "ಇನ್ನೊಂದು ಚೂರು ಬಿಗಿಯಾಗ್ಲಿ," ಎಂದು ಮೇಲ್ವಿಚಾರಣೆ ನಡೆಸಿದಳು. ಕೊನೆಗೆ ಎದ್ದು ಬಂದು ಒಂದು ನಟ್ಟನ್ನು ತಾನೇ ಕೈಯಲ್ಲಿ ತಿರುಗಿಸಿ ನೋಡಿದಳು. ನಟ್ಟು ಸುತ್ತುತ್ತಲೇ ಹೋಯಿತು, ಹೋಯಿತು, ಅವಳ ಬಳೆ ಸದ್ದು ಮಾಡುತ್ತಲೇ ಇತ್ತು.

"ಹ್ಞೂಂ, ಈಗ ಕೂರ್ತೀನಿ," ಎಂದಳು. ನಮ್ಮ ಮದುವೆಯಲ್ಲೂ ಅವಳು ಅಷ್ಟು ನಂಬಿಕೆಯಿಂದ 'ಹ್ಞೂಂ' ಅಂದಿರಲಿಲ್ಲ.

ಹೋಗುವಾಗ ಮೂರ್ತಿ ಒಂದು ಮಾತು ಹೇಳಿದ: "ಸಾರ್, ಹೊಸಾ ಸ್ಟಡ್ಡು. ವಸಿ ದೂರ ಓಡಿದ್ಮೇಲೆ ಒಂದ್ಸಲ ನಿಲ್ಸಿ ಎಲ್ಲಾ ನಟ್ಟೂ ಬಿಗಿ ಮಾಡ್ಬುಡಿ. ಮರೀಬ್ಯಾಡಿ."

ಮದುವೆಯ ಹಿಂದಿನ ದಿನ ಮಿರ್ಲೆಗೆ ಹೋದಾಗ ಶಿವನೇ ನನ್ನ ಕಡೆಗಿದ್ದ. ಪ್ರಭು ಮೈಸೂರಿನಿಂದ ತರಿಸಿದ್ದ ಬಾಡಿಗೆ ಕಾರು ಕಪ್ಪು ಬಣ್ಣದ್ದು! ನಮ್ಮ ಮಾವ ಕಂಠಪ್ಪನವರು ಚಪ್ಪರದಲ್ಲಿ ಕೋಲು ಕುಟ್ಟುತ್ತಿದ್ದರು. "ಮದ್ಮಗನ್ನ ಕರೀ ಕಾರಲ್ಲಿ ಕೂರುಸ್ತೀಯೇನ್ಲಾ? ಕಳ್ಸು ಅದ್ನ ವಾಪಸ್ಸು!" ಆ ಕಾರು ಹೊರಟುಹೋಯಿತು. ಅದು ಎಬ್ಬಿಸಿದ ಧೂಳು ಅಡಗುವಷ್ಟರಲ್ಲಿ ನನ್ನ ಬಿಳಿ ಕಾರು ನಾಲ್ಕು ಸೂರ್ಯಚಕ್ರಗಳನ್ನು ಹೊಳೆಯಿಸುತ್ತಾ ಒಳಗೆ ಬಂತು.

ಪ್ರಭು ಕಣ್ಣು ಉಜ್ಜಿಕೊಂಡ. "ಭಾವ, ಇದು ನಿಮ್ದೇಯಾ?"

ಆಹಾ! ಆ ಪ್ರಶ್ನೆ ಕೇಳಲೆಂದೇ ನಾನು ಗ್ರೀಸಿನ ಡಬ್ಬದಲ್ಲಿ ಕೂತದ್ದು. ಚೆಂಡುಹೂವಿನ ಸರ ಕಟ್ಟಿದರು, ಬಾನೆಟ್ಟಿನ ಮೇಲೆ ಹೆಣ್ಣು ಗಂಡಿನ ಹೆಸರು ಬರೆದರು, ಚಕ್ರದ ಕೆಳಗೆ ನಿಂಬೆಹಣ್ಣಿಟ್ಟರು. ನಾನು ರೇಷ್ಮೆ ಪಂಚೆಯುಟ್ಟು ಗಂಭೀರವಾಗಿ ಸ್ಟೇರಿಂಗಿನ ಹಿಂದೆ ಕೂತೆ. ಆಗ ಮಾವನ ಕೋಲು ಕಿಟಕಿಯಿಂದ ಒಳಗೆ ಬಂತು.

"ಅಳಿಯಂದ್ರೇ, ಇಳೀರಿ. ಅಳಿಯ ಅಂದ್ರೆ ಮನೆ ದೇವ್ರಿದ್ದಂಗೆ. ನಿಮ್ಮ ಕೈಲಿ ಡ್ರೈವರ್ ಕೆಲ್ಸ ಮಾಡ್ಸುದ್ರೆ ಬೀಗ್ರು ಏನಂದಾರು? ನಾನು ಜೀವದಿಂದಿರೋಗಂಟ ಅದಾಗಕ್ಕಿಲ್ಲ. ಪ್ರಭೂ, ನೀ ಓಡ್ಸ್ಲಾ."

ಮರ್ಯಾದೆಯ ಹೊಡೆತಕ್ಕೆ ಮದ್ದಿಲ್ಲ. ಇಳಿದೆ. ಪ್ರಭು ಹತ್ತಿದ. ಪಕ್ಕದಲ್ಲಿ ಮದುಮಗ, ಹಿಂದೆ ಕಳಸ ಹಿಡಿದ ನನ್ನ ಹೆಂಡತಿ, ಮದುಮಗನ ತಂಗಿ ಭಾವನಾ, ಮಾವ. ಕಾರು ಭರ್ತಿ. ಉಳಿದ ನೆಂಟರ ಬಸ್ಸು ಆಗಲೇ ಹೋಗಿತ್ತು. ಮನೆ ದೇವರಿಗೆ ಸಿಕ್ಕಿದ್ದು ಬಾಳೆಗೊನೆ, ತೆಂಗಿನಕಾಯಿ, ಜಮಖಾನ ತುಂಬಿದ್ದ ಟೆಂಪೋ. ಅದರ ಡ್ರೈವರ್ ಸ್ವಾಮಿ ತುಂಬ ಗೌರವದಿಂದ ಸೀಟಿನ ಮೇಲಿದ್ದ ಕುಂಬಳಕಾಯಿಯನ್ನು ಎತ್ತಿ ನನ್ನ ತೊಡೆಯ ಮೇಲಿಟ್ಟ.

ಕೆ.ಆರ್. ನಗರ ದಾಟಿ ಹುಣಸೂರು ಸಮೀಪಿಸುವಾಗ ಮೂರ್ತಿಯ ಮಾತು ನೆನಪಾಯಿತು. ನಟ್ಟು! ಬಿಗಿ ಮಾಡಿಲ್ಲ! ಹೆಂಡತಿಗೆ ಫೋನು ಮಾಡಿದೆ. ಎತ್ತುವುದು ಹೇಗೆ? ಕಳಸವನ್ನು ಮಂಟಪ ಸೇರುವ ತನಕ ಕೈಯಿಂದ ಬಿಡುವಂತಿಲ್ಲ. ಪ್ರಭುವಿಗೆ ಮಾಡಿದೆ. ಅವನು ನನ್ನ ಕಾರಿನ ಸುಖದಲ್ಲಿ ಮೈಮರೆತಿದ್ದ.

"ಸ್ವಾಮಿ, ಹೊಡಿ! ಆ ಕಾರು ಹಿಡೀಬೇಕು!"

"ಕಾಯಿ ಮೂಟೆ ಉರುಳ್ತವೆ ಕಣಣ್ಣೋ!"

"ಉರುಳಲಿ! ಅದರಲ್ಲಿ ನನ್ನ ಹೆಂಡತಿ ಇದ್ದಾಳೆ!"

ಇಷ್ಟು ವರ್ಷದ ಸಂಸಾರದಲ್ಲಿ ನಾನು ಅವಳನ್ನು ಅಟ್ಟಿಸಿಕೊಂಡು ಹೋದದ್ದು ಅದೇ ಮೊದಲು. ನಿಜವಾಗಿಯೂ ಭಯವಾಗಿತ್ತು. ಪ್ರತಿ ತಿರುವಿನಲ್ಲೂ ರಸ್ತೆ ಬದಿಯಲ್ಲಿ ಒಂಟಿ ಚಕ್ರವೊಂದು ಬಿದ್ದಿದೆಯೇನೋ ಎಂದು ಹುಡುಕುತ್ತಾ ಹೋದೆ. ಅಂತೂ ನಾವು ಪಿರಿಯಾಪಟ್ಟಣದ ಮಂಟಪ ಮುಟ್ಟಿದಾಗ ಕಾರು ಬಾಗಿಲಲ್ಲಿ ಸುಖವಾಗಿ ನಿಂತಿತ್ತು, ಹೆಣ್ಣಿನ ಕಡೆಯವರು ಎಲ್ಲರನ್ನೂ ಎದುರುಗೊಂಡು ಒಳಗೆ ಕರೆದುಕೊಂಡು ಹೋಗುತ್ತಿದ್ದರು. ನಾನು ಟೆಂಪೋದಲ್ಲಿದ್ದ ಸ್ಪ್ಯಾನರ್ ಹಿಡಿದು ಓಡಿದೆ. ಪಂಚೆ ಎತ್ತಿಕಟ್ಟಿ ನೆಲದಲ್ಲಿ ಕೂತು ಒಂದೊಂದೇ ನಟ್ಟನ್ನು ಬಿಗಿದು ನೋಡಿದೆ. ಒಂದಾದರೂ ಅಲ್ಲಾಡಲಿ! ಬಂಡೆ ಕಣ್ರೀ, ಬಂಡೆ! ಆನಂದದಿಂದ ಆ ಧೂಳಿನಲ್ಲೇ ಕಾರಿನ ಚಕ್ರವನ್ನು ತಬ್ಬಿಕೊಂಡೆ.

ನನ್ನನ್ನು ಎಂದೂ ನೋಡಿರದ, ಹೆಣ್ಣಿನ ಸೋದರಮಾವ ಹಿಂದೆ ನಿಂತಿದ್ದರು. "ಬೋ ನಿಯತ್ತಿನ ಡ್ರೈವರಪ್ಪ ನೀನು. ಬಂದೇಟ್ಗೆ ಗಾಡಿ ನೋಡ್ಕತೀಯ," ಎಂದು ನನ್ನ ಹೆಗಲಿಗೆ ಒಂದು ಹೊಸ ಟವಲ್ಲು ಹಾಕಿ, ಕೈಗೆ ತೆಂಗಿನಕಾಯಿ ಕೊಟ್ಟು, ಹಿತ್ತಲಲ್ಲಿ ಡ್ರೈವರುಗಳ ಪಂಕ್ತಿಗೆ ಕೂರಿಸಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ಎಲೆಗೆ ಹೋಳಿಗೆ ಬಿತ್ತು. ತೆರೆದ ಬಾಯಿಗೆ ಅದನ್ನೇ ಇಟ್ಟೆ.

ಆದರೆ ನಿಜ ಹೇಳುತ್ತೇನೆ, ಅದೇ ನನ್ನ ಪಟ್ಟಾಭಿಷೇಕ. ಒಳಗಿನ ನೆಂಟರಿಗೆ ಚಕ್ರ ಹೊಳೆಯುವುದಷ್ಟೇ ಕಾಣುತ್ತದೆ. ಈ ಪಂಕ್ತಿಯ ಡ್ರೈವರುಗಳೆಲ್ಲ ಊಟ ಮುಗಿಸಿ ಬಂದು ಕಾರಿನ ಸುತ್ತ ಕೂತು, ನಟ್ಟು ಮುಟ್ಟಿ ನೋಡಿ, "ಸ್ಟಡ್ಡೂ ಬದ್ಲಾಯ್ಸಿದೀಯಾ? ಭೇಷ್ ಕಣ್ಲಾ!" ಎಂದರು. ಹುಟ್ಟಿದಾರಭ್ಯ ನನ್ನನ್ನು ಯಾರೂ ಅಷ್ಟು ಹೊಗಳಿರಲಿಲ್ಲ.

ಅಷ್ಟರಲ್ಲಿ ನನ್ನನ್ನು ಹುಡುಕುತ್ತಾ ನೀಲಾಂಬಿಕೆ, ಅವಳ ಹಿಂದೆ ಮಾವ ಬಂದರು. ಮಾವ ನನ್ನ ಹೆಗಲ ಟವಲ್ಲನ್ನೇ ದಿಟ್ಟಿಸಿ, ದೊಡ್ಡ ಉಸಿರು ಬಿಟ್ಟು ತೀರ್ಪಿತ್ತರು: "ಆಗೋಯ್ತಲ್ಲ. ಮರ್ವಾದೆ ಓದ್ಮೇಲೆ ಇನ್ನೇನು? ನಾಳೆ ಮದ್ಮಕ್ಕಳ್ನ ಮಿರ್ಲೆಗೆ ನೀವೇ ಕರ್ಕಬನ್ನಿ."

ಗೆದ್ದೆ! ಮರುದಿನ ಹೊಸ ದಂಪತಿಯನ್ನು ಕೂರಿಸಿಕೊಂಡು ನಾನೇ ಓಡಿಸಿದೆ. ಪ್ರಭು ಟೆಂಪೋದಲ್ಲಿ ಬಂದ. ನೀಲಾಂಬಿಕೆ ಹಿಂದಿನ ಸೀಟಿನಲ್ಲಿ, "ಸ್ಟಡ್ಡು ಹಾಕಿಸಿದ್ದು ನಾನು," ಎಂದು ಸೊಸೆಗೆ ದಾರಿಯುದ್ದಕ್ಕೂ ಹೇಳಿದಳು. ಹೇಳಲಿ. ಮಿರ್ಲೆಯ ಚಪ್ಪರದ ನಟ್ಟನಡುವೆ, ಬಾಗಿಲಿಗೆ ಎದುರಾಗಿ, ಕಾರು ತಂದು ನಿಲ್ಲಿಸಿದೆ. ಆರತಿ ತಟ್ಟೆ ಹಿಡಿದು ನಿಂತಿದ್ದ ಪಕ್ಕದ ಮನೆಯ ಮುದುಕಿ ಕುಳ್ಳಮ್ಮನಿಗೆ ಕಣ್ಣು ಮಂಜು. ನನ್ನ ಮುಖ ಕಾಣಲಿಲ್ಲ, ಹೆಗಲ ಮೇಲೆ ಮರೆತು ಉಳಿದಿದ್ದ ಟವಲ್ಲು ಕಂಡಿತು.

"ಡ್ರೈವರಪ್ಪಾ, ಮದ್ಮಕ್ಕಳು ಇಳುದ್ರಲ್ಲ, ದಾರಿ ಬುಡು. ಕಾರ್ನ ವಸಿ ಕೊಟ್ಗೆ ಹಿಂದುಕ್ಕೆ ಆಕು," ಎಂದಳು.

ಹಾಕಿದೆ. ಎಮ್ಮೆ ಈ ಸಲ ಮುಖ ತಿರುಗಿಸಲಿಲ್ಲ. ಹತ್ತಿರ ಬಂದು ಚಕ್ರದಲ್ಲಿ ತನ್ನ ಮೂತಿ ನೋಡಿಕೊಂಡಿತು.