ಕಟಕಣ್ಣನ ಫಾರಿನ್ ಹಲ್ಲು

ಎಲ್ಲ ಅನಾಹುತಕ್ಕೂ ಮೂಲ ಒಂದು ಫೋಟೊ.

ಆ ಫೋಟೊದಲ್ಲಿ ಕಟಕಣ್ಣ ಹೊರದೇಶದ ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಅರ್ಧ ಒರಗಿ ನಗುತ್ತಿದ್ದ. ಅಂತಿಂಥ ನಗುವಲ್ಲ, ಮೇಲಿನ ಸಾಲು, ಕೆಳಗಿನ ಸಾಲು ಎರಡೂ ಹೊಸದಾಗಿ ಸುಣ್ಣ ಬಳಿದ ಕಾಂಪೌಂಡಿನ ಹಾಗೆ ಹೊಳೆಯುವ ನಗು. ಮರಗಟ್ಟಿಸುವ ಇಂಜೆಕ್ಷನ್ನು ಇನ್ನೂ ಇಳಿದಿರಲಿಲ್ಲ, ಮುಖ ಇನ್ನೂ ಊದಿರಲಿಲ್ಲ, ಡಾಕ್ಟರು ಇನ್ನೂ ಪಥ್ಯ ಹೇಳಿರಲಿಲ್ಲ. ಆ ಸುಮುಹೂರ್ತದಲ್ಲಿ ಕಟಕಣ್ಣ ಫೋಟೊ ತೆಗೆಸಿ, "ಇನ್ನು ಯಾವ ಬಿಸ್ಕತ್ತು ಬೇಕಾದರೂ ಬರಲಿ" ಎಂದು ಬರೆದು ಫ್ಯಾಕ್ಟರಿಯವರಿಗೆಲ್ಲ ಕಳಿಸಿಬಿಟ್ಟ.

ಅವನ ಕೆಲಸವೇ ಅಂಥದ್ದು. ಬಿಸ್ಕತ್ತು ಫ್ಯಾಕ್ಟರಿಯಲ್ಲಿ ಅವನು ಮುಖ್ಯ ರುಚಿಗಾರ. ಓವನ್ನಿನಿಂದ ಬಂದ ಬಿಸ್ಕತ್ತನ್ನು ಕಚ್ಚುವುದು, 'ಕಟಕ್' ಎನ್ನುವ ಸದ್ದನ್ನು ಕಿವಿಗೊಟ್ಟು ಕೇಳುವುದು, "ಇನ್ನೊಂದು ಚೂರು ಬೇಯಬೇಕಿತ್ತು" ಅಂತಲೋ "ಬೆಣ್ಣೆ ಹಾಕೋಕೆ ಕೈ ಬಿಗಿ ಹಿಡಿದಿದ್ದೀರಿ" ಅಂತಲೋ ತೀರ್ಪು ಕೊಡುವುದು. ಹೆತ್ತವರು ಇಟ್ಟ ಹೆಸರನ್ನು ಜನ ಮರೆತು ಕಟಕಣ್ಣ ಎನ್ನತೊಡಗಿ ಎಷ್ಟೋ ಕಾಲವಾಗಿತ್ತು. ಈ ಕೆಲಸಕ್ಕೆ ಅವನೇ ಎರಡು ಕಟ್ಟಳೆ ಮಾಡಿದ್ದ. ರುಚಿ ನೋಡುವವನಿಗೆ ಈ ಬಿಸ್ಕತ್ತು ಏನು, ಯಾರಿಗೆ ಎಂದು ಮೊದಲೇ ಹೇಳಕೂಡದು; ಹೇಳಿದರೆ ನಾಲಿಗೆ ದಾಕ್ಷಿಣ್ಯಕ್ಕೆ ಬೀಳುತ್ತದೆ. ಕಚ್ಚುವಾಗ ಅವನು ಎಲ್ಲರಿಗೂ ಬೆನ್ನು ಮಾಡಿ ನಿಲ್ಲಬೇಕು; ಎದುರಿನವರ ಆಸೆಗಣ್ಣು ಕಂಡರೆ ಕಿವಿ ಕೆಡುತ್ತದೆ. ಮ್ಯಾನೇಜರೂ ಈ ಕಟ್ಟಳೆ ಮೀರುತ್ತಿರಲಿಲ್ಲ. ರುಚಿಕೋಣೆಯ ಕುರ್ಚಿಯಲ್ಲಿ ಕಟಕಣ್ಣನನ್ನು ಬಿಟ್ಟು ಇನ್ನೊಬ್ಬರು ಕೂತದ್ದನ್ನು ಯಾರೂ ಕಂಡಿರಲಿಲ್ಲ.

ಆದರೆ ವರ್ಷಗಟ್ಟಲೆ ಸಕ್ಕರೆ ಕಚ್ಚಿದ ಹಲ್ಲು ಎಷ್ಟು ದಿನ ನಿಂತಾವು? ಒಂದೊಂದಾಗಿ ಕೈಕೊಟ್ಟವು. ಹೊರದೇಶದಲ್ಲಿದ್ದ ಹೆಂಡತಿಯ ಅಣ್ಣ ಕರೆಸಿಕೊಂಡು, ತನಗೆ ಗೊತ್ತಿದ್ದ ದೊಡ್ಡ ಡಾಕ್ಟರ ಕೈಗೆ ಒಪ್ಪಿಸಿದ. ಅವರು ದವಡೆಯ ಮೂಳೆಗೆ ತಿರುಪು ಕೂರಿಸಿ, ಅದರ ಮೇಲೆ ಸದ್ಯಕ್ಕೆಂದು ಹಗುರವಾದ ಹಲ್ಲಿನ ಸಾಲು ಇಟ್ಟು ಹೇಳಿದ್ದರು: "ತಿರುಪು ಮೂಳೆಗೆ ಬೆಸೆದುಕೊಳ್ಳುವವರೆಗೆ ಬಾಳೆಹಣ್ಣನ್ನೂ ಕಚ್ಚಬೇಡಿ. ಕಚ್ಚಿದರೆ ಮಾಡಿದ್ದೆಲ್ಲ ಕಿತ್ತು ಕೈಗೆ ಬರುತ್ತದೆ."

ಇದನ್ನು ಮಾತ್ರ ಕಟಕಣ್ಣ ಫ್ಯಾಕ್ಟರಿಯವರಿಗೆ ಬರೆಯಲಿಲ್ಲ.

ಮನೆಗೆ ಬಂದ ಮಾರನೆಯ ಬೆಳಿಗ್ಗೆ ಅವನ ಮುಖ ಈಸ್ಟು ಹೆಚ್ಚಾದ ಬನ್ನಿನ ಹಾಗೆ ಉಬ್ಬಿತ್ತು. ಒಂದು ಕಣ್ಣು ಕೆನ್ನೆಯ ಹಿಂದೆ ಅಡಗಿ ಕೂತಿತ್ತು. ಹೆಂಡತಿ ಬಟ್ಟೆಯಲ್ಲಿ ಮಂಜುಗಡ್ಡೆ ಸುತ್ತಿ ಒತ್ತುತ್ತಿದ್ದಳು. ಅಳಿಯನ ಆರೈಕೆಗೆಂದು ಬಂದ ಅತ್ತೆ ಎದುರಿಗೇ ಕೂತು ಹುರಿದ ಕಡಲೆಕಾಯಿಯನ್ನು ಸಿಪ್ಪೆಸಮೇತ ಹಲ್ಲಿನಲ್ಲೇ ಒಡೆಯುತ್ತಿದ್ದರು. ತಲೆ ಪೂರ್ತಿ ನರೆತಿದ್ದರೂ ಅವರ ಬಾಯಲ್ಲಿ ಒಂದು ಹಲ್ಲೂ ಅಲ್ಲಾಡಿರಲಿಲ್ಲ.

"ಅಮ್ಮಾ, ಅವರೆದುರಿಗೆ ಅದನ್ನ ತಿನ್ನಬೇಕಾ?" ಎಂದಳು ಮಗಳು.

"ತಿನ್ನಲಿ ಬಿಡು," ಎಂದ ಕಟಕಣ್ಣ, ಊದಿದ ತುಟಿಯ ಸಂದಿಯಿಂದ. "ಹಳೇ ಮಾಲು ಎಷ್ಟು ದಿನ ಬರುತ್ತೆ? ನಂದು ಫಾರಿನ್ದು. ತಿರುಪು ಹಾಕಿದ್ದಾರೆ, ತಿರುಪು."

"ಹೌದಪ್ಪ ಅಳಿಯಂದಿರೇ, ಬಾಗಿಲಿಗೂ ತಿರುಪು ಹಾಕ್ತಾರೆ," ಎಂದು ಅತ್ತೆ ಇನ್ನೊಂದು ಕಡಲೆಕಾಯಿ ಒಡೆದರು.

ಅಷ್ಟರಲ್ಲಿ ಮಹಡಿ ಮೇಲಿನ ಮಾಸ್ತರರು ಇಳಿದು ಬಂದರು. ಅವರು ಅಂಚೆ ಕಚೇರಿಯಿಂದ ನಿವೃತ್ತರಾಗಿದ್ದರೂ ಒಂದು ಮನೆಯ ಸುದ್ದಿಯನ್ನು ಇನ್ನೊಂದು ಮನೆಗೆ ಮುಟ್ಟಿಸುವ ಸೇವೆಯನ್ನು ಮಾತ್ರ ಬಿಟ್ಟಿರಲಿಲ್ಲ. ಕೈಯಲ್ಲಿ ಟಾರ್ಚು ಹಿಡಿದೇ ಬಂದಿದ್ದರು.

"ಎಲ್ಲಿ ಕಟಕಣ್ಣ, ಆ ಅನ್ನಿ ನೋಡೋಣ. ಬೀದಿಯವರೆಲ್ಲ ಕೇಳ್ತಿದ್ದಾರೆ, ನಾನೇನು ಹೇಳ್ಲಿ?"

ನೋವಿತ್ತು, ಆದರೆ ಅದಕ್ಕಿಂತ ಹೆಮ್ಮೆ ಹೆಚ್ಚಿತ್ತು. ಕಟಕಣ್ಣ ಬಾಯಿ ತೆರೆದ. ಮಾಸ್ತರರು ಟಾರ್ಚಿನ ಬೆಳಕು ಬಿಟ್ಟು ಬಾವಿಗೆ ಬಿದ್ದ ಕೊಡ ಹುಡುಕುವವರ ಹಾಗೆ ಬಗ್ಗಿ ಬಗ್ಗಿ ನೋಡಿದರು.

"ಭೇಷ್! ಅರಮನೆ ಇದ್ದ ಹಾಗಿದೆ. ಆದರೆ ಹೊಸ ಹಲ್ಲನ್ನ ಸುಮ್ಮನೆ ಇಡಬಾರದು ಕಣ್ರೀ. ಹೊಸ ಚಪ್ಪಲಿ ಇದ್ದ ಹಾಗೆ, ಹಾಕ್ಕೊಂಡು ಓಡಾಡಿದ್ರೇನೇ ಹೊಂದಿಕೊಳ್ಳೋದು. ಒಂದು ಸೇಬು ತರ್ಲಾ?"

"ಆಮೇಲೆ ನೋಡೋಣ ಮಾಸ್ತರೇ. ನನ್ನದು ಆಫೀಸಿನ ಹಲ್ಲು. ಖಾಸಗಿ ಸೇಬಿಗೆಲ್ಲ ಬಳಸಬಾರದು," ಎಂದು ಕಟಕಣ್ಣ ಜಾಣತನದಿಂದ ಬಾಯಿ ಮುಚ್ಚಿದ.

ಆಗ ಅಡಿಗೆಮನೆಯಲ್ಲಿ ಫೋನು ಬಡಿದುಕೊಂಡಿತು. ಹೆಂಡತಿ ಎದ್ದು ಹೋದಳು. ಅವಳ ಮಾತು ಹೊರಗೆ ಕೇಳಿಸಿತು. "ಅಯ್ಯೋ, ಇಲ್ಲ ಸಾರ್... ಬಾಳೆಹಣ್ಣು ಕೂಡ ಹಿಸುಕಿ ಕೊಡ್ತಿದ್ದೀನಿ... ಅಗಿಯೋದು ಕನಸಿನ ಮಾತು..."

ಕಟಕಣ್ಣನ ಕೆನ್ನೆಯ ಮೇಲಿದ್ದ ಮಂಜುಗಡ್ಡೆ ಜಾರಿ ಬಿತ್ತು.

"ಯಾರದು?"

"ನಿಮ್ಮ ಮ್ಯಾನೇಜರು. ಹೊಸ ಬಿಸ್ಕತ್ತು ಮಾಡಿದ್ದಾರಂತೆ. ನಿಮಗೆ ಅಗಿಯೋಕಾಗುತ್ತಾ ಅಂತ ಕೇಳಿದ್ರು. ಆಗಲ್ಲ ಅಂದೆ."

"ಯಾಕೇ ಹೇಳ್ದೆ?"

"ಕೇಳಿದ್ರು, ಹೇಳ್ದೆ. 'ಒಳ್ಳೇದಾಯ್ತು, ಈಗಲೇ ಬರ್ತೀವಿ' ಅಂದ್ರು. ಆ ಮರಿಬಾಯಿನೂ ಕರ್ಕೊಂಡು ಬರ್ತಾರಂತೆ."

ಮರಿಬಾಯಿ ಎಂದರೆ ಕಟಕಣ್ಣನ ಕೈಕೆಳಗಿನ ರುಚಿಗಾರ. ಇನ್ನೂ ಸಣ್ಣ ವಯಸ್ಸು, ಬಾಯಿ ತುಂಬ ಸ್ವಂತ ಹಲ್ಲು.

"ಒಳ್ಳೇದಾಯ್ತು ಅಂದ್ರಾ?" ಕಟಕಣ್ಣ ಮಂಚದ ಮೇಲೆ ಎದ್ದು ಕೂತ. "ನನ್ನ ಬಾಯಿ ಬಿದ್ದುಹೋಯ್ತು ಅಂತ ಅವರಿಗೆ ಒಳ್ಳೇದಾಯ್ತಾ? ಗೊತ್ತಾಯ್ತು ಬಿಡು. ನನ್ನ ಕುರ್ಚಿ ಅವನಿಗೆ ಕೊಡೋಕೆ ಬರ್ತಿದ್ದಾರೆ."

"ಕಾಯಿಲೆಯವರನ್ನ ನೋಡೋಕೆ ಬರ್ತಿರಬಹುದು ಕಣ್ರೀ. ಇದ್ದದ್ದು ಇದ್ದ ಹಾಗೆ ಹೇಳಿ, ಹಾಯಾಗಿ ಮಲಗಿ."

"ಕುರ್ಚಿ ಹೋದ ಮೇಲೆ ಎಲ್ಲಿ ಮಲಗಿದ್ರೇನು?"

ಅಪಾಯ ಬಂದಾಗ ಕಟಕಣ್ಣನ ತಲೆ ಚುರುಕಾಗುತ್ತಿತ್ತು. ಅವನು ಕೋಣೆಯನ್ನು ಸುತ್ತ ನೋಡಿದ. ಬಾಲ್ಕನಿಯ ಬಾಗಿಲಿಗೆ ದಪ್ಪ ಪರದೆ ಇತ್ತು. ಎದುರಿಗೆ ಅತ್ತೆ ಇದ್ದರು. ಅತ್ತೆಯ ಬಾಯಲ್ಲಿ ಕಡಲೆಕಾಯಿ 'ಟಪ್' ಎಂದಿತು.

"ಅತ್ತೇ," ಎಂದ, ಮದುವೆಯಾದ ಮೇಲೆ ಇದೇ ಮೊದಲ ಸಲ ಇಷ್ಟು ಮೆತ್ತಗೆ. "ನಿಮ್ಮ ಹಲ್ಲು ಒಂಚೂರು ಹೊತ್ತು ಬೇಕಾಗಿತ್ತು."

ಏರ್ಪಾಡು ಸರಳವಾಗಿತ್ತು. ಕಟಕಣ್ಣ ಪದ್ಧತಿಯಂತೆ ಎಲ್ಲರಿಗೂ ಬೆನ್ನು ಮಾಡಿ ಪರದೆಯ ಕಡೆ ನಿಲ್ಲುವುದು; ಬಿಸ್ಕತ್ತನ್ನು ಸಂದಿಯಿಂದ ದಾಟಿಸುವುದು; ಬಾಲ್ಕನಿಯಲ್ಲಿ ನಿಂತ ಅತ್ತೆ ಅದನ್ನು ಕಚ್ಚುವುದು; ಚೆನ್ನಾಗಿದ್ದರೆ ಅವನ ಅಂಗಿಯ ತುದಿ ಎಳೆಯುವುದು, ಕೆಟ್ಟದಾಗಿದ್ದರೆ ಚಿವುಟುವುದು.

"ಚಿವುಟೋದು ನಂಗೆ ಇಷ್ಟ," ಎಂದರು ಅತ್ತೆ.

ಮ್ಯಾನೇಜರು ಬಂದರು, ಕೈಯಲ್ಲಿ ತಗಡಿನ ಡಬ್ಬಿ ಹಿಡಿದ ಮರಿಬಾಯಿ ಬಂದ, ಅವರ ಹಿಂದೆಯೇ ಮಾಸ್ತರರೂ ಬಂದು ಯಾರೂ ಕೂರಲು ಹೇಳದಿದ್ದರೂ ಒಳ್ಳೆಯ ಕುರ್ಚಿಯಲ್ಲೇ ಕೂತರು. ಬಾಗಿಲಲ್ಲಿ ಬೀದಿಯ ನಾಕಾರು ಜನ ಇಣುಕಿದರು.

ಮ್ಯಾನೇಜರ ಮುಖದಲ್ಲಿ ಅದೇನೋ ಸಂತೋಷವಿತ್ತು. "ಹೇಗಿದ್ದೀರಿ ಕಟಕಣ್ಣೋರೇ? ಏನೇನೂ ಅಗಿಯೋಕಾಗಲ್ವಂತೆ? ಒಂದಿಷ್ಟೂ?"

"ಯಾರು ಹೇಳಿದ್ದು? ಹೆಂಗಸರು ಹೆದರ್ತಾರೆ ಸಾರ್. ಹಲ್ಲು ಕಬ್ಬಿಣ ಕಬ್ಬಿಣ ಇದ್ದಂಗಿದೆ."

ಮ್ಯಾನೇಜರ ಸಂತೋಷ ಅರ್ಧಕ್ಕೆ ಇಳಿಯಿತು. ಮರಿಬಾಯಿಯ ಮುಖವೂ ಬಾಡಿತು. ಕಂಡಿರಾ, ಎಂದುಕೊಂಡ ಕಟಕಣ್ಣ, ಇವರ ಹುನ್ನಾರ ಇಲ್ಲೇ ಮುರಿದೆ.

"ಅಣ್ಣಾ, ಸುಸ್ತಾಗಿದ್ರೆ ಬೇಡ..." ಎಂದ ಮರಿಬಾಯಿ.

"ನೀನು ಡಬ್ಬಿ ತೆಗಿ!"

ಡಬ್ಬಿಯಲ್ಲಿದ್ದದ್ದು ದಪ್ಪನೆಯ ದುಂಡು ಬಿಸ್ಕತ್ತು. ಏನು, ಯಾರಿಗೆ ಎಂದು ಮ್ಯಾನೇಜರು ಪದ್ಧತಿಯಂತೆ ಬಾಯಿ ಬಿಡಲಿಲ್ಲ. ಕಟಕಣ್ಣನ ಕೈಗೆ ಅದು ಗಟ್ಟಿಯಾಗಿಯೇ ಕಂಡಿತು. ಮೂಗು ಕಟ್ಟಿದ್ದರಿಂದ ವಾಸನೆ ತಿಳಿಯಲಿಲ್ಲ. ಅವನು ಗಂಭೀರವಾಗಿ ತಿರುಗಿ ಪರದೆಯ ಮುಂದೆ ನಿಂತು ಬಿಸ್ಕತ್ತು ದಾಟಿಸಿದ.

ಆ ಗಳಿಗೆಯಲ್ಲೇ ಮೇಲಿನ ಬಾಲ್ಕನಿಯಿಂದ ಮಾಸ್ತರರ ಹೆಂಡತಿಯ ದನಿ ತೇಲಿ ಬಂತು. "ಏನ್ ದೊಡ್ಡಮ್ಮಾ, ಪರದೆಗೆ ಅಂಟ್ಕೊಂಡು ನಿಂತಿದ್ದೀರಿ?"

"ಬಟ್ಟೆ ಒಣಗಿದ್ಯಾ ನೋಡ್ತಿದ್ದೀನಮ್ಮಾ!"

"ಬಟ್ಟೆ ಆ ಕಡೆ ಇದೆಯಲ್ಲ!"

ಒಳಗೆ ಎಲ್ಲರ ಕಿವಿ ನೆಟ್ಟಗಾದವು. ಹೆಂಡತಿ ಅಡಿಗೆಮನೆಗೆ ನುಗ್ಗಿ ಖಾಲಿ ಮಿಕ್ಸಿ ತಿರುಗಿಸಿಬಿಟ್ಟಳು. ವಿಮಾನ ಹಾರಿದಂಥ ಸದ್ದು. ಅದು ನಿಂತಾಗ ಕೋಣೆ ಗಪ್‌ಚಿಪ್.

ಆ ಮೌನದಲ್ಲಿ ಕೇಳಿಸಿತು: 'ಕಟಕ್!'

ಎಂಥ ಕಟಕ್ ಅದು! ಫ್ಯಾಕ್ಟರಿಯಲ್ಲಿ ಇಂಥ ಸದ್ದು ಯಾರೂ ಕೇಳಿರಲಿಲ್ಲ. ಬಾಗಿಲಲ್ಲಿದ್ದವರು ಚಪ್ಪಾಳೆ ತಟ್ಟಿದರು. ಪರದೆಯ ಸಂದಿಯಿಂದ ಅತ್ತೆ ಅಂಗಿಯ ತುದಿಯನ್ನು ಜೋರಾಗಿ ಎಳೆದರು. ಕಟಕಣ್ಣ ಮದುವೆ ಗಂಡಿನ ಹಾಗೆ ಎದೆಯುಬ್ಬಿಸಿ ಈ ಕಡೆ ತಿರುಗಿದ.

"ಸಾರ್, ಇಷ್ಟು ಗರಿಗರಿ ಬಿಸ್ಕತ್ತು ನನ್ನ ಸರ್ವೀಸಿನಲ್ಲೇ ಕಚ್ಚಿಲ್ಲ. ಕಲ್ಲು ಕಡಿದಂಗಿದೆ!"

ಮ್ಯಾನೇಜರ ಮುಖ ಬೆಳ್ಳಗಾಯಿತು. "ಇನ್ನೊಂದ್ಸಲ ನೋಡಿ."

ಇನ್ನೊಂದು ಬಿಸ್ಕತ್ತು ದಾಟಿತು. 'ಕಟಕ್ ಕಟಕ್!'

ಮ್ಯಾನೇಜರು ಮಂಚದ ತುದಿಯಲ್ಲಿ ಕುಸಿದು ಕೂತರು. "ಮುಳುಗಿದೆವು. ಇದು ಹಲ್ಲಿಲ್ಲದವರ ಬಿಸ್ಕತ್ತು ಕಟಕಣ್ಣೋರೇ. ಮುದುಕರಿಗೆ, ಆಸ್ಪತ್ರೆಯಲ್ಲಿರೋರಿಗೆ. ಕೈಯಲ್ಲಿ ಗಟ್ಟಿ ಇರಬೇಕು, ನಾಲಿಗೆ ಮೇಲೆ ಇಟ್ಟ ಕೂಡ್ಲೇ ಕರಗಬೇಕು. ಅಗಿಯೋಕಾಗದ ಬಾಯಿ, ಆದರೆ ರುಚಿ ತಿಳಿದ ಬಾಯಿ ಬೇಕಾಗಿತ್ತು. ನಿಮ್ಮ ಹೆಂಡತಿ ಫೋನಲ್ಲಿ ಹೇಳಿದಾಗ ಕುಣಿದಾಡಿಬಿಟ್ಟೆ. ಹೊಸ ವಿಭಾಗಕ್ಕೆ ನಿಮ್ಮನ್ನೇ ಮುಖ್ಯಸ್ಥರನ್ನಾಗಿ ಮಾಡಿ, ಬಿಸ್ಕತ್ತನ್ನ ಮನೆಗೇ ಕಳಿಸೋದು ಅಂತ ಇತ್ತು. ಹಾಯಾಗಿ ಮಲಗಿಕೊಂಡೇ ನಾಲಿಗೆ ಚಾಚಿದ್ರೆ ಸಾಕಾಗಿತ್ತು."

"ನಾನೇ ಸಾರ್‌ಗೆ ಹೇಳಿದ್ದಣ್ಣಾ," ಎಂದ ಮರಿಬಾಯಿ ಪಾಪ, ಕಣ್ಣಲ್ಲಿ ನೀರು ತುಂಬಿಕೊಂಡು. "ಅಣ್ಣನ ಕುರ್ಚೀಲಿ ನಾನು ಕೂರಲ್ಲ, ಅಣ್ಣನಿಗೇ ಮನೇಲಿ ಕೆಲಸ ಕೊಡಿ ಅಂತ."

ಕಟಕಣ್ಣ ಪರದೆಯ ಸಂದಿಗೆ ತಲೆ ಹಾಕಿದ. ಅತ್ತೆ ಹೆಮ್ಮೆಯಿಂದ ಪಿಸುಗುಟ್ಟಿದರು: "ಆ ಬಿಸ್ಕತ್ತು ಬಾಯಲ್ಲಿಟ್ಟರೆ ಬೆಣ್ಣೆ ಹಂಗೆ ಹೋಯ್ತು, ಸದ್ದೇ ಇಲ್ಲ. ನಿಮ್ಮ ಮರ್ಯಾದೆ ಏನಾಗಬೇಕು ಹೇಳಿ? ನನ್ನ ಹತ್ರ ಕಲ್ಲುಸಕ್ಕರೆ ಇತ್ತು, ಕಡಿದೆ. ಹೇಗಿತ್ತು?"

ನಿಜ ಹೇಳಿಬಿಡಬೇಕೆಂದು ಕಟಕಣ್ಣ ಹೊರಳಿದ. ಬಾಯಿಯನ್ನೂ ತೆರೆದ. ಅಷ್ಟರಲ್ಲಿ ಬಾಗಿಲಲ್ಲಿದ್ದವರೊಬ್ಬರು, "ಬಿಸ್ಕತ್ತಿನದೇನು ತಪ್ಪು ಸ್ವಾಮಿ? ಬೆಣ್ಣೆಯಲ್ಲೂ ಸದ್ದು ಎಬ್ಬಿಸೋ ಹಲ್ಲು ಅದು! ಫಾರಿನ್ ಹಲ್ಲು ಅಂದ್ರೆ ಸುಮ್ನೇನಾ?" ಎಂದರು. "ಹೌದು ಹೌದು!" ಎಂದಿತು ಬೀದಿ. ಅಷ್ಟು ಕಣ್ಣುಗಳು ಒಟ್ಟಿಗೆ ತನ್ನ ಬಾಯನ್ನು ಮೆಚ್ಚಿ ನೋಡುತ್ತಿರುವಾಗ ಅದರಿಂದ ನಿಜ ಹೊರಡಲಿಲ್ಲ. ಒಂದು ನಗು ಮಾತ್ರ ಹೊರಟಿತು, ಎರಡು ಸಾಲೂ ಕಾಣುವ ಹಾಗೆ.

"ಹಾಗಾದ್ರೆ ಒಂದು ನಿಮಿಷ," ಎಂದು ಮಾಸ್ತರರು ಎದ್ದರು. ಎಲ್ಲರಿಗೂ ಬೆನ್ನು ತಿರುಗಿಸಿ ಬಾಯಿಗೆ ಕೈ ಹಾಕಿ, ತಮ್ಮ ಹಲ್ಲಿನ ಎರಡೂ ಸೆಟ್ಟನ್ನು ತೆಗೆದು ಕರವಸ್ತ್ರದಲ್ಲಿ ಸುತ್ತಿ ಜೇಬಿಗಿಟ್ಟರು. ತಿರುಗಿದಾಗ ಅವರ ಮುಖ ಗಾಳಿ ಬಿಟ್ಟ ಬಲೂನಾಗಿತ್ತು. ಇಷ್ಟು ವರ್ಷ ಬೀದಿಯವರ ಗುಟ್ಟನ್ನೆಲ್ಲ ಹಂಚಿದ ಮಾಸ್ತರರು ತಮ್ಮ ಬಾಯೊಳಗಿನದೊಂದನ್ನು ಯಾರಿಗೂ ಹೇಳಿರಲಿಲ್ಲ. ಡಬ್ಬಿಯಿಂದ ಬಿಸ್ಕತ್ತು ತೆಗೆದು ನಾಲಿಗೆಯ ಮೇಲಿಟ್ಟುಕೊಂಡು ಕಣ್ಣು ಮುಚ್ಚಿದರು.

"ಕರಗಿತು!" ಎಂದರು. "ಹಾಲಿದೆ, ಏಲಕ್ಕಿ ಒಂದು ಚಿಟಿಕೆ ಕಮ್ಮಿ."

ಮ್ಯಾನೇಜರು ಹೋಗಿ ಅವರನ್ನು ತಬ್ಬಿಕೊಂಡೇಬಿಟ್ಟರು. ಹೊಸ ವಿಭಾಗದ ಮುಖ್ಯಸ್ಥರು ನಿಂತ ನಿಲುವಿನಲ್ಲೇ ನೇಮಕವಾದರು. ಬೀದಿ ಇನ್ನೊಂದು ಸಲ ಚಪ್ಪಾಳೆ ತಟ್ಟಿತು.

ಹೊರಡುವಾಗ ಮ್ಯಾನೇಜರು ಕಟಕಣ್ಣನ ಬೆನ್ನು ತಟ್ಟಿದರು. "ಫ್ಯಾಕ್ಟರಿಗೇ ಹೆಮ್ಮೆ ನೀವು. ಇಂಥ ಹಲ್ಲಿಟ್ಟುಕೊಂಡು ಮನೇಲಿ ಯಾಕೆ ಕೂತಿದ್ದೀರಿ? ರಜೆ ರದ್ದು ಮಾಡಿಸಿಬಿಡ್ತೀನಿ. ನಾಳೆ ಬೆಳಿಗ್ಗೆಯಿಂದ ಗಟ್ಟಿ ರಸ್ಕಿನ ಕಡೆ ಬನ್ನಿ. ಅಲ್ಲಿ ಕಚ್ಚೋರೇ ಸಿಗದೆ ಒದ್ದಾಡ್ತಿದ್ದೀವಿ."

ಹೆಂಡತಿ ಅಡಿಗೆಮನೆಯ ಬಾಗಿಲಲ್ಲಿ ಹಣೆ ಹಿಡಿದು ನಿಂತಳು. ಕಟಕಣ್ಣ ಇನ್ನೂ ನಗುತ್ತಲೇ ಇದ್ದ; ಊದಿದ ತುಟಿಗೆ ಆ ನಗುವನ್ನು ಮುಚ್ಚುವ ದಾರಿ ಸಿಕ್ಕಿರಲಿಲ್ಲ.

ಮಾಸ್ತರರು ಮೆಟ್ಟಿಲು ಹತ್ತಲು ಹೋದವರು ಹಿಂದಿರುಗಿ, ಬೊಚ್ಚುಬಾಯಿ ಅಗಲಿಸಿ ಅಕ್ಕರೆಯಿಂದ ಹೇಳಿದರು:

"ಹೇಗೂ ದಿನಾ ಫ್ಯಾಕ್ಟರಿಗೆ ಹೋಗಿ ಬರ್ತೀರಲ್ಲ ಕಟಕಣ್ಣ, ಬರುವಾಗ ನನ್ನ ಬಿಸ್ಕತ್ತಿನ ಡಬ್ಬಿ ಹಿಡ್ಕೊಂಡು ಬನ್ನಿ. ಬಸ್ಸಲ್ಲಿ ಜೋಪಾನ, ತುಂಬಾ ಮೆತ್ತಗಿರುತ್ತೆ."